ಜಮಾಲಸಾಬನ ಬಿಲ್ಲು, ಸರ್ಕಾರದ ಅರಗು

ತ್ರೇತಾಯುಗದಲ್ಲಿ ಒಂದು ಬಿಲ್ಲು ಮುರಿದದ್ದಕ್ಕೆ ಮದುವೆಯಾಯಿತು. ದ್ವಾಪರದಲ್ಲಿ ಒಂದು ಬಿಲ್ಲು ಕೆಳಗಿಟ್ಟದ್ದಕ್ಕೆ ಹದಿನೆಂಟು ಅಧ್ಯಾಯ ಉಪದೇಶವಾಯಿತು. ಕಲಿಯುಗದಲ್ಲಿ, ಮುಂಬಯಿಯ ಬೈಕುಲ್ಲಾದಲ್ಲಿ, ಒಬ್ಬ ಮನುಷ್ಯ ತನ್ನ ಬಿಲ್ಲನ್ನು ಮುರಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಅದರಿಂದಾಗಿ ಸರ್ಕಾರದ ಒಂದು ಕಚೇರಿ ನಲವತ್ತು ದಿನ ಸೀನಿತು.

ಆ ಧನುರ್ಧಾರಿಯ ಹೆಸರು ಜಮಾಲಸಾಬ ಪಿಂಜಾರ. ಊರು ವಿಜಾಪುರ ಜಿಲ್ಲೆಯ ಇಂಡಿಯ ಕಡೆಯದು. ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಬಿಲ್ಲು ಅವನಿಗಿಂತ ಒಂದು ಗೇಣು ಉದ್ದ, ಹೆದೆ ಕುರಿಯ ಕರುಳಿನದು. ಮರದ ಕೊಡತಿಯಿಂದ ಹೆದೆಯನ್ನು ಬಡಿದರೆ 'ಟಂಯ್' ಎಂಬ ನಾದ ಹೊರಟು, ಕಲ್ಲಿನಂತೆ ಗಟ್ಟಿಯಾದ ಹಳೆಯ ಹತ್ತಿ ಮೋಡದಂತೆ ಮೇಲೇಳುತ್ತಿತ್ತು. ಇಷ್ಟಾದರೆ ಎಲ್ಲ ಪಿಂಜಾರರಲ್ಲೂ ಉಂಟು. ಜಮಾಲಸಾಬನ ವಿಶೇಷವೆಂದರೆ ಅವನು ಆ ಬಿಲ್ಲನ್ನು ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ. ಕ್ಷೌರಕ್ಕೆ ಹೋದರೆ ಬಿಲ್ಲು ಪಕ್ಕದ ಕುರ್ಚಿಗೆ ಒರಗಿ ನಿಲ್ಲುತ್ತಿತ್ತು. ಮದುವೆಗೆ ಹೋದರೆ ಬಿಲ್ಲೂ ಪಂಗ್ತಿಯ ಕೊನೆಯಲ್ಲಿ ಇರುತ್ತಿತ್ತು. ಸಯನ್ ಆಸ್ಪತ್ರೆಯಲ್ಲಿ ಅವನ ಹೆಂಡತಿ ತಾಜಬಿ ಹೆತ್ತಾಗ ಕೂಸಿಗಿಂತ ಮೊದಲು ಬಿಲ್ಲನ್ನು ನೋಡಿದ ನರ್ಸು, ಇವರು ಯಾವ ನಾಟಕ ಕಂಪನಿಯವರೆಂದು ವಿಚಾರಿಸಿದಳಂತೆ.

ಬಿಲ್ಲಿನ ಸುತ್ತ ಕಥೆ ಬೆಳೆಯದೆ ಇರುತ್ತದೆಯೇ? ಆದಿಲಶಾಹಿಯ ಸೇನಾಪತಿಯೊಬ್ಬ ಅವನ ಅಜ್ಜನಿಗೆ ಕೊಟ್ಟದ್ದು ಎಂದರು ಕೆಲವರು. ಅಂಧೇರಿಯ ಸ್ಟುಡಿಯೋವೊಂದರಲ್ಲಿ ಪೌರಾಣಿಕ ಚಿತ್ರದ ರಟ್ಟಿನ ಬಿಲ್ಲು ಮುರಿದಾಗ ಜಮಾಲಸಾಬನದನ್ನು ಬಾಡಿಗೆಗೆ ಕೇಳಿದರೆಂದೂ, ಎತ್ತಲು ಹೋದ ಹೀರೋ ಮೂರು ದಿನ ಸೊಂಟ ಹಿಡಿದುಕೊಂಡು ಮಲಗಿದನೆಂದೂ ಇನ್ನು ಕೆಲವರು. ಜಮಾಲಸಾಬ ಯಾವುದನ್ನೂ ಒಪ್ಪಲಿಲ್ಲ, ಯಾವುದನ್ನೂ ಅಲ್ಲಗಳೆಯಲಿಲ್ಲ. ಗಿರಾಕಿ ಹೆಚ್ಚುವ ಸುಳ್ಳನ್ನು ತಿದ್ದುವಷ್ಟು ದಡ್ಡನಲ್ಲ ಅವನು.

ನಿಜ ಸಂಗತಿ ಬಡವಾಗಿತ್ತು. ಜಮಾಲಸಾಬನಿಗೆ ಓದು ಬರಹ ಬಾರದು. ಯಾರಾದರೂ ಹಳೆಯ ಗಾದಿ ಹಿಂಜಲು ಕೊಟ್ಟರೆ ಅದರ ಖೋಳದ, ಅಂದರೆ ಮೇಲುಹೊದಿಕೆಯ, ಅಂಚಿನಿಂದ ಒಂದು ಪಟ್ಟಿ ಹರಿದು, ಅದನ್ನೇ ನಡುವೆ ಮತ್ತೆ ಹರಿದು, ಒಂದು ತುಂಡು ಕೊಟ್ಟವರಿಗೆ, ಇನ್ನೊಂದು ತುಂಡು ಬಿಲ್ಲಿನ ತಲೆಗೆ. ಗಾದಿ ಒಯ್ಯಲು ಬಂದಾಗ ಎರಡು ತುಂಡುಗಳ ಹರಿದ ಅಂಚು ಒಂದಕ್ಕೊಂದು ಕೂಡಬೇಕು. ಕೂಡಿದರೆ ಗಾದಿ, ಕೂಡದಿದ್ದರೆ ಸಲಾಂ. ಕತ್ತರಿ ಹಚ್ಚುವಂತಿಲ್ಲ. ಕತ್ತರಿಸಿದ್ದು ಯಾರದಕ್ಕೂ ಕೂಡುತ್ತದೆ, ಹರಿದದ್ದು ತನ್ನದಕ್ಕೆ ಮಾತ್ರ. ಬಣ್ಣಬಣ್ಣದ ಚಿಂದಿ ಹಾರಿಸುತ್ತಿದ್ದ ಆ ಬಿಲ್ಲು ಆಯುಧವಲ್ಲ, ಅವನ ಇಡೀ ದಫ್ತರು.

ಈ ದಫ್ತರು ಉಳಿದದ್ದು ದೈವಯೋಗ. ಎಪ್ಪತ್ತೊಂದರ ಜನವರಿಯಲ್ಲಿ ಒಂದು ಮಧ್ಯಾಹ್ನ ಅವನು ಬಿಲ್ಲು ಹೊತ್ತು, ಗಿರಾಕಿ ಹುಡುಕುತ್ತ, ಸಯನ್ ಕಡೆ ಫೇರಿಗೆ ಹೋಗಿದ್ದ. ಹಿಂದಿರುಗುವಷ್ಟರಲ್ಲಿ ಪಕ್ಕದ ವೆಲ್ಡಿಂಗ್ ಕಾರ್ಖಾನೆಯಿಂದ ಹಾರಿದ ಕಿಡಿಯೊಂದು ಅವನ ಅಂಗಡಿಯನ್ನು ನುಂಗಿತ್ತು. ಹತ್ತಿ ಉರಿಯುವಾಗ ಸದ್ದು ಮಾಡುವುದಿಲ್ಲ. ನಲವತ್ತೆರಡು ಮನೆಗಳ ಗಾದಿಗಳು ಸದ್ದಿಲ್ಲದೆ ಹೋದವು.

ಆದರೆ ಅಂಗಡಿಗೆ ವಿಮೆ ಇತ್ತು! ಜಮಾಲಸಾಬ ದೂರದೃಷ್ಟಿಯಿಂದ ಮಾಡಿಸಿದ್ದಲ್ಲ. 'ಶುಭಚಿಂತಕ ವಿಮಾ ಕಂಪನಿ'ಯ ಏಜೆಂಟನೊಬ್ಬ ವರ್ಷಕ್ಕೊಮ್ಮೆ ಬಂದು ಹತ್ತಿಯ ಮೇಲೆ ಒರಗಿ ಬೆಂಕಿಯ ಬಗ್ಗೆ ಹರಿಕಥೆ ಮಾಡುತ್ತಿದ್ದ. ಅವನು ಎದ್ದು ಹೋಗಲಿ ಎಂದು ಜಮಾಲಸಾಬ ಕಂತು ಕಟ್ಟುತ್ತಿದ್ದ. ಸ್ವಂತ ಸರಕಿಗೂ, ಜನ ನಂಬಿ ಇಟ್ಟುಹೋದ ಸರಕಿಗೂ ಭದ್ರತೆ ಎಂದು ಪಾಲಿಸಿಯಲ್ಲಿ ಅಚ್ಚಾಗಿತ್ತು. ಕಂಪನಿಯ ಮನುಷ್ಯ ಬಂದು ಬೂದಿ ನೋಡಿ ಬರೆದುಕೊಂಡು ಹೋದ. ತಿಂಗಳಲ್ಲಿ ಪರಿಹಾರ ಬರುತ್ತದೆ ಎಂದ.

ತಿಂಗಳಲ್ಲಿ ಬಂದದ್ದು ಸುದ್ದಿ. ಶುಭಚಿಂತಕ ಕಂಪನಿ ಮುಳುಗಿತ್ತು. ನಿರ್ದೇಶಕರು ಜನರ ಕಂತನ್ನೆಲ್ಲ ತಮ್ಮ ತಮ್ಮ ಭಾವಮೈದುನರ ಗಿರಣಿಗಳಿಗೆ ಸುರಿದಿದ್ದರು, ಗಿರಣಿಗಳು ಮುಚ್ಚಿದ್ದವು, ಭಾವಮೈದುನರು ಹವಾ ಬದಲಾವಣೆಗೆ ಹೋಗಿದ್ದರು.

ಸರ್ಕಾರ ಸುಮ್ಮನೆ ಕೂರಲಿಲ್ಲ. ಮೊದಲು, ಹಾಗೇನೂ ಆಗಿಲ್ಲ ಎಂದಿತು. ಆದದ್ದು ಪೇಪರಿನಲ್ಲಿ ಬಂದ ಮೇಲೆ, ಆಗುತ್ತಿರುವುದನ್ನು ಗಮನಿಸುತ್ತಿದ್ದೇವೆ ಎಂದಿತು. ಗಮನಿಸಿ ಗಮನಿಸಿ ಕಣ್ಣು ನೋಯಲು ಹತ್ತಿದಾಗ, ನಿರ್ದೇಶಕರು ಕಾಗದಪತ್ರ ಕದಿಯದಿರಲೆಂದು ಕಂಪನಿಯ ದಾಖಲೆ ಕೋಣೆಗೆ ಬೀಗ ಜಡಿದು, ಬೀಗದ ಮೇಲೆ ಕೆಂಪು ಅರಗು ಸುರಿದು ಮೊಹರು ಒತ್ತಿತು. ನಿರ್ದೇಶಕರು ಕದಿಯಬೇಕಾದ್ದನ್ನು ಆಗಲೇ ಕದ್ದು ಮುಗಿಸಿದ್ದರು. ಒಳಗೆ ಸೆರೆ ಸಿಕ್ಕದ್ದು ಜಮಾಲಸಾಬನಂಥವರ ಕಾಗದಗಳು. ಬೇಸಿಗೆಯಲ್ಲಿ ದೇಶದ ಇಂಥ ಎಲ್ಲ ಕಂಪನಿಗಳ ಆಡಳಿತವನ್ನೂ ಸರ್ಕಾರವೇ ವಹಿಸಿಕೊಂಡಿತು. ಶುಭಚಿಂತಕದ ಮೇಲೂ ಒಬ್ಬ ಕಸ್ಟೋಡಿಯನ್ ಸಾಹೇಬರನ್ನು ಕೂರಿಸಿತು. ಸಾಹೇಬರ ಮೊದಲ ಆಜ್ಞೆ: ಹಳೆಯ ಪುರಾವೆಗಳು ಮೊಹರಿನ ಒಳಗಿರುವುದರಿಂದ ಎಲ್ಲರೂ ಹೊಸ ಪುರಾವೆ ತರತಕ್ಕದ್ದು.

ಇತ್ತ ಜಮಾಲಸಾಬನ ಹೊಸ್ತಿಲಲ್ಲಿ ರುಕ್ಮಿಣಿಬಾಯಿ ಕೂತಿದ್ದಳು. ಅವನು ವಾಸವಿದ್ದ ಚಾಳಿನ ಮೂರನೇ ಮಾಳಿಗೆಯವಳು, ಕಟ್ಟಡ ಕೆಲಸದಲ್ಲಿ ಇಟ್ಟಿಗೆ ಹೊತ್ತು ಮಕ್ಕಳನ್ನು ಸಾಕಿದವಳು. ಬಾಣಂತನಕ್ಕೆ ಬರುವ ಮಗಳಿಗೆಂದು ತನ್ನ ಎರಡು ಗಾದಿಗಳನ್ನೂ ಹಿಂಜಲು ಕೊಟ್ಟಿದ್ದಳು. ಮಗಳು ಬಂದಳು, ಕೂಸು ಬಂತು, ಗಾದಿ ಬರಲಿಲ್ಲ.

"ಜಮಾಲಣ್ಣಾ, ನಿನಗ ಬೈಯಾಕ ಬಂದಿಲ್ಲ ನಾ," ಎನ್ನುತ್ತಿದ್ದಳು ದಿನಾ ಮುಂಜಾನೆ. "ಸುಮ್ನ ಕುಂತು ಹೋಗ್ತೀನಿ."

ಬೈದರೆ ತಿರುಗಿ ಬೈಯಬಹುದು. ಸುಮ್ಮನೆ ಕೂತವಳಿಗೆ ಏನು ಹೇಳುವುದು? ಆ ಹೊಸ್ತಿಲು ದಾಟಲು ಜಮಾಲಸಾಬ ಅಂಜುತ್ತಿದ್ದ. ತಾಜಬಿ ಒಳಗಿನಿಂದಲೇ ಅಂದಳು: "ಊರಿಗಿ ಹೋಗೂಣು ನಡೀರಿ. ಇಲ್ಲಿ ಮುಖ ಎತ್ತಂಗಿಲ್ಲ."

"ಹೋದ್ರ ಕಳ್ಳ ಅಂತಾರ. ಹತ್ತಿ ಸುಟ್ಟೈತಿ, ಹೆಸರು ಸುಟ್ಟಿಲ್ಲ ಇನ್ನಾ," ಎಂದು ಜಮಾಲಸಾಬ ಬಿಲ್ಲು ಹೆಗಲಿಗೇರಿಸಿ, ಲೋಕಲ್ ರೈಲಿನ ಲಗೇಜ್ ಡಬ್ಬಿ ಹಿಡಿದು, ಫೋರ್ಟಿನಲ್ಲಿದ್ದ ಕಂಪನಿಯ ಕಟ್ಟಡ ಹತ್ತಿದ.

ಅಲ್ಲಿನ ಹೆಡ್ ಕ್ಲರ್ಕು ಚೆನ್ನಯ, ಉಡುಪಿ ಕಡೆಯವನು. ಕನ್ನಡ ಕೇಳಿ ಮೊದಲು ಖುಷಿಪಟ್ಟ, ಆಮೇಲೆ ಬಿಲ್ಲು ನೋಡಿ ಕುರ್ಚಿ ಹಿಂದೆ ಸರಿಸಿದ.

"ಇದೆಂತದು ಮಾರಾಯ್ರೆ?"

"ಪುರಾವೆ ರೀ."

"ರಸೀದಿ ಉಂಟಾ? ರಿಜಿಸ್ಟರ್ ಉಂಟಾ?"

"ಇದ ನೋಡ್ರಿ ರಿಜಿಸ್ಟರು." ಜಮಾಲಸಾಬ ಬಿಲ್ಲಿನ ತಲೆಯನ್ನು ಮೇಜಿನ ಮೇಲೆ ಬಾಗಿಸಿದ. ನಲವತ್ತೆರಡು ಚಿಂದಿಗಳು ಚೆನ್ನಯನ ಚಹಾದಲ್ಲಿ ಅದ್ದಿದವು.

ಮೂರು ದಿನಗಳ ನಂತರ ಆಜ್ಞೆ ಹೊರಬಿತ್ತು: ಸದರಿ ವಸ್ತುವನ್ನು ಮೂಲ ದಾಖಲೆಯೆಂದು ಪರಿಗಣಿಸಬಹುದೇ ಎಂದು ಪರಿಶೀಲಿಸಲು, ಸದರಿ ವಸ್ತುವನ್ನು ದಾಖಲೆ ಕೋಣೆಯಲ್ಲಿ ಜಮಾ ಮಾಡತಕ್ಕದ್ದು.

"ಯಾವ ಕೋಣಿಯಾಗ?" ಎಂದು ಕೇಳಿದ ಜಮಾಲಸಾಬ.

"ಅದೇ, ಆಚೆ ಉಂಟಲ್ಲ."

ಆಚೆ ಇದ್ದದ್ದು ಕೆಂಪು ಅರಗಿನ ಬೀಗ.

"ನನ್ನ ಕಾಗದ ಒಳಗ ಹ್ವಾದವು, ಹೊರಗ ಬರಲಿಲ್ಲ. ಈಗ ಬಿಲ್ಲೂ ಒಳಗ ಹಾಕು ಅಂತೀರಿ. ಇದೇನು ಕೋಣಿನೋ, ಗೋರಿನೋ?"

"ಸರ್ಕಾರದ ಆರ್ಡರ್ ಮಾರಾಯ್ರೆ!"

"ಸರ್ಕಾರನ ಹೊರಗ ಬಂದು ನೋಡ್ಲಿ. ನಾ ಇಲ್ಲೇ ಇರ್ತೀನಿ."

ಇದ್ದ. ಅಂಗಡಿ ಸುಟ್ಟಿತ್ತು, ಕೆಲಸಕ್ಕೆ ಜಾಗ ಬೇಕಿತ್ತು. ಕಚೇರಿಯ ವರಾಂಡ ಅಗಲವಾಗಿತ್ತು, ಫ್ಯಾನೂ ಇತ್ತು. ಮರುದಿನ ಲಗೇಜ್ ಡಬ್ಬಿಯಿಂದ ಬಿಲ್ಲಿನ ಜೊತೆ ಒಂದು ಗಂಟು ಹತ್ತಿಯೂ ಇಳಿಯಿತು. ಕಸ್ಟೋಡಿಯನ್ ಸಾಹೇಬರು ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂರುತ್ತಲೇ ಹೊರಗೆ ಟಂಕಾರವಾಯಿತು. ಟಂಯ್! ಟಂಯ್! ಟೈಪಿಸ್ಟುಗಳ ಬೆರಳು ತಾಳ ತಪ್ಪಿ ಬಿಲ್ಲಿನ ತಾಳಕ್ಕೆ ಬಿದ್ದವು. ಹತ್ತಿಯ ನೊರೆ ವೆಂಟಿಲೇಟರಿನಿಂದ ಒಳನುಗ್ಗಿ ಫೈಲುಗಳ ಮೇಲೆ, ಶಾಯಿಯ ಮೇಲೆ, ಸಾಹೇಬರ ಹುಬ್ಬಿನ ಮೇಲೆ ಇಳಿಯಿತು. ಮಧ್ಯಾಹ್ನದೊಳಗೆ ಅಕೌಂಟ್ಸ್ ವಿಭಾಗ ಪೂರ್ತಿ ಸೀನಿತು. ಸಂಜೆಯ ಹೊತ್ತಿಗೆ ಐವತ್ತರ ಆಸುಪಾಸಿನ ಚೆನ್ನಯ ಎಪ್ಪತ್ತರ ಮುದುಕನಂತೆ ಬೆಳ್ಳಗಾಗಿದ್ದ.

ಮೊದಲು ಕಾವಲುಗಾರ ಬಂದ. ಹತ್ತಿ ತುಂಬಿದ ಮೂಗಿನಿಂದ ಗದರುವುದು ಸುಲಭವಲ್ಲ, ವಾಪಸು ಹೋದ. ಆಮೇಲೆ ನೋಟೀಸು ಬಂತು. ಜಮಾಲಸಾಬ ಅದನ್ನು ವಿನಯದಿಂದ ಪಡೆದು, ಓದಲು ಬಾರದ ಕಾರಣ ಹತ್ತಿಯ ಕೆಳಗೆ ಹಾಸಿದ. ಕೊನೆಗೆ ಪೊಲೀಸ್ ಹವಾಲ್ದಾರ ಬಂದ. ಲಾಠಿ ಕುಟ್ಟುತ್ತ ಬಿಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಗಡಸು ದನಿಯಲ್ಲಿ, "ಒಂದು ಡಬಲ್ ಗಾದಿ ಹಿಂಜಲು ಎಷ್ಟು ದಿನ?" ಎಂದು ಹಿಂದಿಯಲ್ಲಿ ಕೇಳಿದ. ಮರುದಿನ ಗಾದಿ ಹೊತ್ತು ಬಂದ. ಜಮಾಲಸಾಬ ಖೋಳದ ಅಂಚು ಹರಿದು ಅರ್ಧ ಹವಾಲ್ದಾರನ ಕೈಗೆ ಕೊಟ್ಟ, ಅರ್ಧ ಬಿಲ್ಲಿಗೆ ಕಟ್ಟಿದ. ವರಾಂಡದಲ್ಲಿ ಕಾನೂನು ಸುವ್ಯವಸ್ಥೆ ನೆಲೆಸಿತು.

ನಲವತ್ತನೆಯ ದಿನ ಚೆನ್ನಯ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊರಬಂದ. "ನೋಡಿ, ಸಾಹೇಬ್ರು ಸೋತ್ರು ಅಂತ ನಾನು ಹೇಳ್ಲಿಕ್ಕಿಲ್ಲ. ನಾಳೆ ಅವರೇ ಹೊರಗೆ ಬಂದು ನೋಡ್ತಾರಂತೆ. ಗಾದಿ ಕೊಟ್ಟ ಹೆಂಗಸ್ರನ್ನೆಲ್ಲ ಕರ್ಕೊಂಡು ಬನ್ನಿ. ಬಿಲ್ಲು ಮಾತ್ರ ಬಾರಿಸ್ಬೇಡಿ, ದಮ್ಮಯ್ಯ."

ಮರುದಿನ ಫೋರ್ಟಿನ ಆ ಮೆಟ್ಟಿಲುಗಳು ಎಂದೂ ಕಾಣದ ದಂಡು ಕಂಡವು. ಬೈಕುಲ್ಲಾದಿಂದ, ಸಯನ್‌ನಿಂದ ಇಳಕಲ್ಲ ಸೀರೆಗಳು, ಒಂಬತ್ತು ಗಜದ ಸೀರೆಗಳು, ಬುರ್ಖಾಗಳು, ಎಲ್ಲರ ಸೆರಗಿನ ತುದಿಯಲ್ಲೂ ಒಂದೊಂದು ಚಿಂದಿ. ಮುಂದಾಳು ರುಕ್ಮಿಣಿಬಾಯಿ. ಕಸ್ಟೋಡಿಯನ್ ಸಾಹೇಬರು ವರಾಂಡದಲ್ಲಿ ಮೇಜು ಹಾಕಿಸಿ ಕೂತರು. ತೆಳ್ಳಗಿನ, ಕನ್ನಡಕದ, ಯಾವುದನ್ನೂ ನಂಬದಿರಲು ಸಂಬಳ ಪಡೆಯುವ ಮನುಷ್ಯ.

ರುಕ್ಮಿಣಿಬಾಯಿ ತನ್ನ ಚಿಂದಿ ಇಟ್ಟಳು. ಜಮಾಲಸಾಬ ಬಿಲ್ಲಿನಿಂದ ಒಂದನ್ನು ಬಿಚ್ಚಿ ಪಕ್ಕದಲ್ಲಿಟ್ಟ. ನೂಲಿಗೆ ನೂಲು, ಹಲ್ಲಿಗೆ ಹಲ್ಲು ಕೂಡಿತು. ಸಾಹೇಬರು 'ಹೂಂ' ಎಂದರು. ಎರಡನೆಯದೂ ಕೂಡಿತು. ಹತ್ತನೆಯದೂ ಕೂಡಿತು. ಕೂಡಿದಷ್ಟೂ ಸಾಹೇಬರ ಮುಖ ಬಿಗಿಯಾಯಿತು.

"ಎಲ್ಲಾ ಸರಿ ಬಂದ್ರೆ ಅವ್ರಿಗೆ ಸಂಶಯ," ಎಂದು ಚೆನ್ನಯ ಪಿಸುಗುಟ್ಟಿದ. "ನಿನ್ನೆ ಮನೇಲಿ ಕೂತು ಹರಿದದ್ದು ಅಂತಾರೆ."

ನಿಜವಾದದ್ದು ಸುಳ್ಳಿನಂತೆ ಕಂಡರೆ ಅದಕ್ಕೆ ಯಾವ ಪುರಾವೆ ತರುವುದು? ಜಮಾಲಸಾಬ ಬಿಚ್ಚಿ ಬಿಚ್ಚಿ ಇಡುತ್ತ ಹೋದ.

ಇಪ್ಪತ್ತಾರನೆಯವಳು ನೀಲಾವತಿ. ಕೆಂಪು ಹೂವಿನ ಚಿಂದಿ ಮೇಜಿನ ಮೇಲೆ ಬಡಿದಳು. ಜಮಾಲಸಾಬ ಅದನ್ನು ಎತ್ತಿ, ಬಿಲ್ಲಿನ ಕಡೆ ನೋಡದೆಯೇ ವಾಪಸು ಕೊಟ್ಟ.

"ಇದು ನನ್ನದಲ್ಲ, ಅಕ್ಕಾ."

"ಯಾಕಲ್ಲ? ಕೆಂಪು ಹೂವಿಂದ ಐತಲ್ಲ ಮತ್ತ!"

"ಕತ್ತರಿ ಹಚ್ಚೀದಿ."

ಚೆನ್ನಯ ಅವನ ಅಂಗಿ ಜಗ್ಗಿದ. "ಸುಮ್ನಿರಿ ಮಾರಾಯ್ರೆ! ಸಾಹೇಬ್ರ ಎದುರು ನೀವೇ ಸುಳ್ಳು ಅಂದ್ರೆ ಎಲ್ಲಾ ಹೋಯ್ತು!"

"ಹ್ವಾದ್ರ ಹೋಗ್ಲಿ. ಇಕಿ ನನಗ ಗಾದಿ ಕೊಟ್ಟಿಲ್ಲ."

ನೀಲಾವತಿ ಸೊಂಟಕ್ಕೆ ಕೈಯಿಟ್ಟಳು. "ಕೊಡಬೇಕು ಅಂತ ಮಾಡಿದ್ನೆಪ್ಪಾ! ಅಷ್ಟರಾಗ ನಿನ್ನ ಅಂಗಡಿ ಸುಡ್ತು. ಎಲ್ಲಾರಿಗೂ ಸಿಗೂದು, ನಾ ಒಬ್ಬಾಕಿ ಏನು ಪಾಪ ಮಾಡೀನಿ?"

ಹೆಂಗಸರು ಗೊಳ್ಳೆಂದರು. ರುಕ್ಮಿಣಿಬಾಯಿ, "ನಮ್ಮ ಗಾದಿಗಿ ಕಲ್ಲು ಹಾಕ್ತೀ ಏನ, ಮೂಳಿ!" ಎಂದು ಅವಳ ಚಿಂದಿ ಕಸಿದು ವರಾಂಡದಿಂದಾಚೆ ತೂರಿದಳು.

ಚೆನ್ನಯ ನಡೆದದ್ದನ್ನು ಇಂಗ್ಲಿಷಿನಲ್ಲಿ ಸಾಹೇಬರಿಗೆ ಒಪ್ಪಿಸಿದ, ನೇಣಿಗೆ ಹೋಗುವವನ ದನಿಯಲ್ಲಿ. ಸಾಹೇಬರು ಕನ್ನಡಕ ತೆಗೆದರು. ಮುಖ ಮೊದಲ ಬಾರಿಗೆ ಸಡಿಲವಾಯಿತು. ಒಂದು ಸುಳ್ಳನ್ನು ಹಿಡಿದು ಹೊರಗೆ ಹಾಕಿದ ದಾಖಲೆ! ತಮ್ಮ ಕಚೇರಿಯ ಯಾವ ರಿಜಿಸ್ಟರೂ ಈವರೆಗೆ ಮಾಡದ ಕೆಲಸ ಅದು. ಶುಭಚಿಂತಕದ ಲೆಕ್ಕಪುಸ್ತಕಗಳು ಹತ್ತು ವರ್ಷ ಎಲ್ಲ ಸರಿಯಿದೆ ಎಂದೇ ಹೇಳುತ್ತ ಬಂದಿದ್ದವು. ಅವರು ಮಿಕ್ಕವನ್ನೂ ಕೂಡಿಸಿ ನೋಡಿದರು, ಹವಾಲ್ದಾರನ ಚಿಂದಿಯನ್ನು ಬದಿಗಿಟ್ಟು ನಲವತ್ತೆರಡಕ್ಕೂ ಒಪ್ಪಿಗೆ ಬರೆದರು. 'ಮೂಲ ದಾಖಲೆಯನ್ನು ಅದರ ಸ್ಥಳದಲ್ಲಿಯೇ, ಅಂದರೆ ಅರ್ಜಿದಾರನ ಹೆಗಲ ಮೇಲೆ, ಪರಿಶೀಲಿಸಲಾಗಿದೆ' ಎಂದು ಕೆಳಗೆ ಷರಾ ಹಾಕಿದರು.

ಹೆಂಗಸರು ಮೆಟ್ಟಿಲಿಳಿಯುತ್ತ ನಲವತ್ತೆರಡು ಬಗೆಯ ಹೊಸ ಖೋಳಗಳ ಬಣ್ಣ ಚರ್ಚಿಸತೊಡಗಿದರು. ರುಕ್ಮಿಣಿಬಾಯಿ, ಮಗಳ ಗಾದಿ ಮೊದಲು ಆಗಬೇಕೆಂದು ಕೂಗಿ ಹೇಳಿದ್ದು ಮೇಲಿನವರೆಗೂ ಕೇಳಿಸಿತು. ಜಮಾಲಸಾಬ ಬಿಲ್ಲು ಹೆಗಲಿಗೇರಿಸಿದ. ಸಾಹೇಬರು ಅವನನ್ನು ತಡೆದು, ಚೆನ್ನಯನ ಮೂಲಕ ಒಂದು ಮಾತು ಕೇಳಿಸಿದರು.

"ಸಾಹೇಬ್ರು ಕೇಳ್ತಾರೆ," ಎಂದ ಚೆನ್ನಯ, ಗಂಟಲು ಸರಿಮಾಡಿಕೊಂಡು. "ನೋಟೀಸು ಕೊಟ್ರು, ಕಾವಲಿನವ್ನನ್ನು ಕಳಿಸಿದ್ರು, ಪೊಲೀಸ್ರನ್ನು ಕರೆಸಿದ್ರು. ದೊಡ್ಡ ದೊಡ್ಡ ಸೇಠ್‌ಗಳು ಈ ಬಾಗಿಲಲ್ಲಿ ಕೈ ಮುಗಿದು ನಿಲ್ತಾರೆ. ನಿಮಗೊಬ್ರಿಗೆ ಸರ್ಕಾರದ ಹೆದರಿಕೆಯೇ ಇಲ್ಲ ಯಾಕೆ ಅಂತ."

ಜಮಾಲಸಾಬ ಸಾಹೇಬರನ್ನು ನೋಡಿದ, ಚೆನ್ನಯನನ್ನು ನೋಡಿದ.

"ನಿಮಗ್ಯಾಕ ಅಂಜಬೇಕ್ರೀ? ನೀವೇನು ನನ್ನ ಕಡೆ ಗಾದಿ ಕೊಟ್ಟೀರೇನು?"