ಹೊಸ್ತಿಲಾಚೆ ಬಿಟ್ಟ ಬೂಟುಗಳು

ಮೊನ್ನೆ ಲಿಫ್ಟಿನಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಸಿಕ್ಕ. ಹುಡುಗ ಒಳ್ಳೆಯವನೇ, ಅಧಿಕಾರ ಮಾತ್ರ ಹೊಸದು. "ಆಂಟೀಜಿ, ಕಾರಿಡಾರ್ ಮೇ ಜೂತೇ ಮತ್ ರಖಿಯೇ, ಅಚ್ಛಾ ನಹೀ ಲಗ್ತಾ," ಅಂದ. ಮುಂಬೈ ದಹಿಸರಿನ ಈ ಬಿಲ್ಡಿಂಗಿನಲ್ಲಿ ಬಾಗಿಲ ಹೊರಗೆ ಚಪ್ಪಲಿ ಕಂಡರೆ ಫ್ಲ್ಯಾಟುಗಳ ಬೆಲೆ ಇಳಿಯುತ್ತದಂತೆ. ನಾನು ಹೂಂಗುಟ್ಟಿ ಬಂದು, ನನ್ನ ಚಪ್ಪಲಿಯನ್ನೂ ಮೊಮ್ಮಗಳ ಮೊಣಕಾಲುದ್ದದ ಹೊಸ ಬೂಟುಗಳನ್ನೂ ಎತ್ತಿ ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಚರ್ಮದ ವಾಸನೆ, ದೇವರ ಮುಂದಿನ ಊದಿನಕಡ್ಡಿ ಸೋತುಹೋಯಿತು. ಆ ವಾಸನೆಯಲ್ಲಿ ನನಗೆ ನೆನಪಾದವನು ನನ್ನ ಸೋದರಮಾವ ಸಂಗಪ್ಪ ಹೊಸಮನಿ. ಜೀವಮಾನದಲ್ಲಿ ಒಮ್ಮೆಯೂ ಬೂಟು ಹಾಕದೆ, ಕನ್ನಡದಲ್ಲಿ ರಾಶಿ ರಾಶಿ ಕೌಬಾಯ್ ಕಾದಂಬರಿ ಬರೆದವನು.

ನಗುತ್ತೀರಿ, ಗೊತ್ತು. ನಾನೂ ನಕ್ಕವಳೇ. ಅರವತ್ತರ ದಶಕ ಮುಗಿಯುತ್ತ ಬಂದಾಗ ಮ್ಯಾಟ್ರಿಕ್ ಪಾಸಾಗಿ, ಟೈಪಿಂಗ್ ಕಲಿತು, ವಿಜಾಪುರದ ಕಡೆಯಿಂದ ಪರೇಲಿನ ಮಾಮಾನ ಮನೆಗೆ ಬಂದೆ. ಭಾಂಡುಪಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ. ಮನೆಯೆಂದರೆ ಚಾಳಿನ ಒಂದು ಖೋಲಿ, ಅಂದರೆ ಒಂದೇ ಕೋಣೆ, ಅದರ ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಮಾಮಾ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ. ಎರಡನೇ ಪಾಳಿಯ ವಾರ ಬಂತೆಂದರೆ ಬೆಳಗಿನ ಚಹಾ ಕುಡಿದು, ಗ್ಯಾಲರಿಯ ಗೋಡೆಗೆ ಬೆನ್ನು ಕೊಟ್ಟು, ರೊಟ್ಟಿ ಬಡಿಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂಡುತ್ತಿದ್ದ. ಹಲಗೆ ಮನೆಗೆಲ್ಲ ಒಂದೇ. "ನಿಮ್ಮ ಕುದರಿ ನಿಂತಿದ್ರ ಹಲಗಿ ಕೊಡ್ರಿ, ಹಿಟ್ಟು ಒಣಗಾಕತ್ತೈತಿ," ಎಂದು ಮಾಮಾನ ಹೆಂಡತಿ, ನಮ್ಮ ಅತ್ತಿ, ಒಳಗಿನಿಂದ ಕೂಗುತ್ತಿದ್ದಳು. ಎಷ್ಟೇ ಜೋರಿನ ಗುಂಡಿನ ಕಾಳಗವಿದ್ದರೂ ಅಲ್ಲಿಗೆ ಅಧ್ಯಾಯ ಮುಕ್ತಾಯ. ಮಾಮಾನ ಅಧ್ಯಾಯಗಳು ತುದಿಗಾಲಲ್ಲಿ ನಿಲ್ಲಿಸುವಂತೆ ಮುಗಿಯುತ್ತವೆ ಎಂದು ಓದುಗರು ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ಅರ್ಧ ಜೋಳದ ರೊಟ್ಟಿಗೆ ಸೇರಬೇಕು.

ಅಮೇರಿಕವನ್ನು ಅವನು ಕಂಡದ್ದು ರವಿವಾರದ ಅಗ್ಗದ ಸಿನಿಮಾ ಆಟಗಳಲ್ಲಿ. ಇಂಗ್ಲಿಷ್ ಮಾತು ಒಂದೂ ತಿಳಿಯುತ್ತಿರಲಿಲ್ಲ, ಅದೇ ಅವನ ಪುಣ್ಯ. ಪರದೆಯ ಮೇಲೆ ಕುದುರೆ ಓಡುತ್ತಿದ್ದರೆ ಇವನ ತಲೆಯಲ್ಲಿ ಬೇರೆಯದೇ ಕತೆ ಓಡುತ್ತಿತ್ತು. ಬಯಲಂತೂ ಅವನಿಗೆ ಹೊಸದಲ್ಲ. ಸುಡುವ ಬಿಸಿಲು, ದೂರದೂರಕ್ಕೊಂದು ಮರ, ಬದುವಿನ ಪಾಪಾಸುಕಳ್ಳಿ, ಎಲ್ಲ ನಮ್ಮೂರ ಕಡೆಯವೇ. ಹುಬ್ಬಳ್ಳಿಯ ಒಂದು ಪ್ರೆಸ್ಸು ಅವನ ಕಾದಂಬರಿಗಳನ್ನು ಸಾಲಾಗಿ ಅಚ್ಚು ಹಾಕುತ್ತಿತ್ತು. ಪ್ರೆಸ್ಸಿನ ಮಾಲಕರು ಲೇಖಕನ ಹೆಸರು ಜಾನಿ ಎಂದು ತಾವೇ ಇಟ್ಟರು. ಇನಿಶಿಯಲ್ ಇಲ್ಲದ ಲೇಖಕನನ್ನು ನಮ್ಮ ಜನ ನಂಬುವುದಿಲ್ಲವೆಂದು ಮುಂದೊಂದು ಅಕ್ಷರವನ್ನೂ ಅಂಟಿಸಿದರು. ಹೀಗೆ ಸಂಗಪ್ಪ ಹೊಸಮನಿ ಜಿ. ಜಾನಿಯಾದ. ಹಸ್ತಪ್ರತಿಯನ್ನು ಚೊಕ್ಕ ಮಾಡಿ ಬರೆದುಕೊಡುವ ಕೆಲಸ ನನ್ನದು. ಮನೆಯಲ್ಲಿ ಮೂಗು ಮುರಿಯುತ್ತ ಬರೆದದ್ದನ್ನೇ ಅಚ್ಚಾದ ಮೇಲೆ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ಯಾರಿಗೂ ಕಾಣದಂತೆ ರಟ್ಟಿಗೆ ಪೇಪರು ಸುತ್ತಿ ಮತ್ತೆ ಓದುತ್ತಿದ್ದೆ.

ಇನ್ನು ಬೂಟಿನ ಸಂಗತಿ. ಚಾಳಿನಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗ್ಯಾಲರಿಯಲ್ಲಿ ನಡೆದು ಹೋಗುವಾಗ ಕಣ್ಣು ತಾನಾಗಿ ಬಾಗಿಲ ಮುಂದಿನ ಚಪ್ಪಲಿಗಳ ಮೇಲೆ ಬೀಳುತ್ತದೆ. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ, ಮುನಿಸಿಕೊಂಡು ಹೋದ ಯಾವ ಅಳಿಯ ತಿರುಗಿ ಬಂದ, ಎಲ್ಲ ಹೊರಗೇ ತಿಳಿಯುತ್ತದೆ. ಮಾಮಾನ ಕೌಬಾಯ್‌ಗಳೂ ಹಾಗೇ. ಊರು ಕಾಯುವ ಶೆರೀಫನಿರಲಿ, ದರೋಡೆಕೋರನಿರಲಿ, ಸಲೂನಿನ, ಅಂದರೆ ಅಲ್ಲಿನ ಹೆಂಡದಂಗಡಿಯ, ಹೊಸ್ತಿಲಲ್ಲಿ ಬೂಟು ಬಿಚ್ಚಿಟ್ಟೇ ಒಳಗೆ ಹೋಗುತ್ತಿದ್ದ. ನಾಯಕ ಹೊರಗಿನ ಬೂಟು ಎಣಿಸಿ ಒಳಗೆ ಎಷ್ಟು ಜನ ವೈರಿಗಳಿದ್ದಾರೆಂದು ತಿಳಿಯುತ್ತಿದ್ದ. ಒಂದು ಪುಸ್ತಕದಲ್ಲಿ ಅವನು ಎಲ್ಲರ ಬೂಟುಗಳನ್ನೂ ಕುದುರೆಗೆ ಹೇರಿಕೊಂಡು ಹೋಗುತ್ತಾನೆ. ದರೋಡೆಕೋರರು ಬರಿಗಾಲಲ್ಲಿ ಕಳ್ಳಿಮುಳ್ಳು ತುಳಿಯುತ್ತ ಶರಣಾಗುತ್ತಾರೆ. ಅದನ್ನು ಬರೆಯುವಾಗ ನಕ್ಕು ನಕ್ಕು ನನ್ನ ಪೆನ್ನು ಜಾರಿತ್ತು.

ಹಲವು ವರ್ಷ ಯಾರೂ ತಕರಾರು ತೆಗೆಯಲಿಲ್ಲ. ಒಂದು ದಿನ ಮಾಲಕರು ಮುಂಬೈಗೆ ಬಂದವರು ನಮ್ಮ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತ ಹೇಳಿದರು, "ಸಂಗಪ್ಪಾರ, ಕಾಲೇಜಿನ ಪ್ರೊಫೆಸರ ಒಬ್ಬರು ಓದಿ ನಕ್ಕರ್ರಿ. ಅಮೇರಿಕಾದಾಗ ಯಾರೂ ಹಿಂಗ ಬೂಟ ಬಿಡಂಗಿಲ್ಲಂತ. ಇನ್ನ ಮ್ಯಾಲೆ ಅದು ಬ್ಯಾಡ."

ಮಾಮಾ ಸ್ವಭಾವತಃ ಮೆದು ಮನುಷ್ಯ. ಅಂದು ಮಾತ್ರ ಪಟ್ಟು ಹಿಡಿದ. "ಬ್ಯಾಂಕ್ ಲೂಟಿ ಮಾಡ್ಲಿ, ಗುಂಡು ಹಾರಸ್ಲಿ, ಅದು ಅವರವರ ಕರ್ಮ. ಆದ್ರ ಬೂಟ ಹಾಕ್ಕೊಂಡು ಮಂದಿ ಮನಿಯೊಳಗ ಹೆಂಗ ಹೋಗ್ತಾರ್ರಿ ಮಾಲಕರ? ನನ್ನ ಕೈಲೆ ಅದು ಬರಿಯಾಕ ಆಗಂಗಿಲ್ಲ."

"ಹಂಗಾದ್ರ ಬಿಡ್ರಿ. ಜಾನಿ ಅನ್ನೂ ಹೆಸರು ನಮ್ಮ ಪ್ರೆಸ್ಸಿಂದು. ಬ್ಯಾರೆಯವರು ಬರೀತಾರ," ಎಂದು ಮಾಲಕರು ಎದ್ದರು.

ಬರೆದೂ ಬರೆದೂ ಬೆರಳು ಗಂಟುಗಟ್ಟಿದ್ದ ಮಾಮಾನ ಸ್ವಂತ ಹೆಸರು ಯಾವ ಪುಸ್ತಕದ ಮೇಲೂ ಇರಲಿಲ್ಲ. ಜಾನಿ ಕೈತಪ್ಪಿದರೆ, ಅವನು ಬರೆದವನೆಂದು ಹೇಳಲು ಲೋಕದಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೆಲವು ತಿಂಗಳಿಗೆ ಹೊಸ ಜಾನಿ ಬಂದ. ನಿಜ ಹೇಳಬೇಕೆಂದರೆ ಭಾಷೆ ಚೊಕ್ಕ, ಕತೆ ಚುರುಕು, ಬೂಟು ಕಾಲಲ್ಲೇ. ಮ್ಯಾಟ್ರಿಕ್ ಪಾಸಾದ ಮಹಾಪಂಡಿತೆಯಾದ ನನಗೆ ಅದೇ ವಾಸಿಯೆನ್ನಿಸಿತು. ಮಾಮಾ ಅದನ್ನು ಒಂದೇ ಬೈಠಕ್ಕಿನಲ್ಲಿ ಓದಿ, ಮಡಿಸಿಟ್ಟು, ಮಿಲ್ಲಿಗೆ ಹೋದ. ಮರುದಿನದಿಂದ ಅತ್ತಿ ರೊಟ್ಟಿ ಬೇಗ ಮುಗಿಸಿ, ಹಲಗೆ ತೊಳೆದು ಒರೆಸಿ, ಅವನು ಕೇಳದಿದ್ದರೂ ಪಕ್ಕದಲ್ಲಿಟ್ಟು ಬರುತ್ತಿದ್ದಳು. ಅವನು ಮುಟ್ಟುತ್ತಿರಲಿಲ್ಲ.

ಪರೇಲ್ ಸ್ಟೇಷನ್ನಿನ ಹತ್ತಿರ ಮೆಹಬೂಬ್ ಚಾಚಾ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಗೂಡಂಗಡಿ ಇಟ್ಟಿದ್ದರು. ಬಾಗಲಕೋಟೆ ಕಡೆಯವರು. ಜಾನಿ ಯಾರೆಂಬುದು ನಮ್ಮ ಮನೆ ಬಿಟ್ಟರೆ ಗೊತ್ತಿದ್ದದ್ದು ಅವರೊಬ್ಬರಿಗೇ. ಒಂದು ಸಂಜೆ ಲೋಕಲ್ ಇಳಿದು ಬರುತ್ತಿದ್ದ ನನ್ನನ್ನು ಕೂಗಿ ಕರೆದರು. "ಬೇಟಿ, ಇಲ್ಲಿ ಬಾ, ತಮಾಷಾ ನೋಡು. ಹೊಸಾ ಜಾನಿ ಒಯ್ದವರೆಲ್ಲಾ ತಂದು ನನ್ನ ಮಾರಿ ಮ್ಯಾಲೆ ಒಗ್ಯಾಕತ್ತಾರ."

ಅಂಗಡಿಯ ಮುಂದೆ ಕಟ್ಟಡ ಕೆಲಸದ ನಮ್ಮ ಕಡೆಯ ಒಬ್ಬ ಗಂಡಾಳು ಮೈಯೆಲ್ಲ ಸಿಮೆಂಟಿನೊಂದಿಗೆ ನಿಂತಿದ್ದ. "ಇದು ಜಾನಿ ಬರದದ್ದಲ್ಲ ತಗೀರಿ," ಎಂದು ಪುಸ್ತಕ ಬಡಿದು ತೋರಿಸಿದ. "ಶೆರೀಫ ಬೂಟಗಾಲಿಲೆ ಸೀದಾ ಹಡದವ್ವನ ಅಡಿಗಿಮನಿಗೆ ಹೊಕ್ಕಾನ! ನಮ್ಮ ಜಾನಿ ಹಂಗ ಬರದಾನೇನ್ರಿ? ಅವಗ ಹಿರ್ಯಾರು ಕಿರ್ಯಾರು ಗೊತ್ತಿತ್ತು." ಸುತ್ತಲಿನವರು ತಲೆಯಾಡಿಸಿದರು. ನಾನು ಅಲ್ಲಿಂದ ಮನೆಯ ತನಕ ಓಡಿದೆ. ಸೀರೆಯ ನೆರಿಗೆ ಬಿಚ್ಚಿದ್ದೂ ಲಕ್ಷ್ಯಕ್ಕೆ ಬರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಮಾಮಾ, "ಅಡಿಗಿಮನಿಗೆ ಹೊಕ್ಕದ್ದು ನನಗೂ ಸೇರಲಿಲ್ಲವ್ವಾ," ಅಂದ.

ಮೆಹಬೂಬ್ ಚಾಚಾರ ಬಾಯಿ ಆ ವಾರ ನಿಲ್ಲಲಿಲ್ಲ. ಅಸಲಿ ಜಾನಿ ನಮ್ಮ ಪರೇಲಿನಲ್ಲೇ ಇದ್ದಾನೆ, ಮಗ್ಗ ನಡೆಸುತ್ತಾನೆ ಎಂದು ಬಂದವರಿಗೆಲ್ಲ ಹೇಳಿಬಿಟ್ಟರು. ರವಿವಾರ ಬೆಳಿಗ್ಗೆ ಜನ ನೋಡಲು ಬಂದೇ ಬಂದರು. ಮಿಲ್ಲಿನವರು, ಗಾರೆ ಕೆಲಸದವರು, ಹೆಂಡಿರನ್ನು ಕರೆತಂದವರು. ಖೋಲಿ ತುಂಬಿ ಗ್ಯಾಲರಿಯಲ್ಲೂ ಕೂತರು. ಸಕ್ಕರೆ ಮುಗಿದು ನಾನು ಕೆಳಗಿನ ಅಂಗಡಿಗೆ ಹೋಗಿ ತಿರುಗಿ ಬರುವಾಗ, ನನ್ನ ಮುಂದೆಯೇ ಮೆಟ್ಟಿಲು ಹತ್ತುತ್ತಿದ್ದವರು ಪ್ರೆಸ್ಸಿನ ಮಾಲಕರು! ಮಾರಾಟವಾಗದ ಪುಸ್ತಕದ ಗಂಟುಗಳು ಹುಬ್ಬಳ್ಳಿಗೆ ತಿರುಗಿ ಹೋಗಿದ್ದವು, ಅವುಗಳ ಬೆನ್ನಿಗೇ ಇವರು ಬಂದಿದ್ದರು.

ಮೆಟ್ಟಿಲ ತುದಿಯಲ್ಲಿ ಅವರ ಕಾಲು ತಡೆಯಿತು. ಚಪ್ಪಲಿಗಳ ಸಾಲು ನಮ್ಮ ಬಾಗಿಲಿಂದ ಹೊರಟು, ನೆರೆಮನೆಗಳನ್ನು ದಾಟಿ, ಅವರ ಕಾಲಬುಡಕ್ಕೆ ಬಂದು ನಿಂತಿತ್ತು. ಹವಾಯಿ ಚಪ್ಪಲಿ, ಟೈರಿನ ಚಪ್ಪಲಿ, ಸಿಮೆಂಟು ಮೆತ್ತಿದ ಚಪ್ಪಲಿ. ಮಾಲಕರು ಅವನ್ನು ನೋಡುತ್ತ ನಿಂತರು. ಅವರ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರು ಎಂದು ಇಂದಿಗೂ ನಾನು ಆಣೆ ಮಾಡಿ ಹೇಳಬಲ್ಲೆ. ಆಮೇಲೆ ಬಾಗಿ, ಲೇಸು ಬಿಚ್ಚಿ, ತಮ್ಮ ಕರಿ ಬೂಟುಗಳನ್ನು ಆ ಸಾಲಿನ ಕೊನೆಯಲ್ಲಿಟ್ಟು, ತೂತು ಬಿದ್ದ ಕಾಲುಚೀಲದಲ್ಲಿ ಗ್ಯಾಲರಿಯುದ್ದಕ್ಕೂ ನಡೆದರು.

"ಬರ್ರಿ, ಮಾಲಕರ," ಎಂದು ಮಾಮಾ ಎದ್ದು ನಿಂತ. ಚಹಾ ಆಗುವ ತನಕ ವ್ಯವಹಾರ ಎತ್ತಲಿಲ್ಲ. ಆಮೇಲೆ ಎರಡೇ ಮಾತು ಹೇಳಿದ. "ಬೂಟು ಹೊರಗ ಇರ್ತಾವು. ರಟ್ಟಿನ ಮ್ಯಾಲೆ ನನ್ನ ಹೆಸರು ಇರಬೇಕು."

ಮಾಲಕರು ತಲೆ ಕೆರೆದುಕೊಂಡರು. "ಬೂಟು ಇರ್ಲಿ ಬಿಡ್ರಿ. ಆದ್ರ ಸಂಗಪ್ಪ ಹೊಸಮನಿ ಅಂತ ಹಾಕಿದ್ರ ಕೌಬಾಯ್ ಪುಸ್ತಕ ಯಾರು ತಗೋತಾರ್ರಿ?"

ಬಾಗಿಲ ಬಳಿಯಿಂದ ಆ ಸಿಮೆಂಟಿನ ಗಂಡಾಳು ಕೂತಲ್ಲಿಂದಲೇ ಹೇಳಿದ, "ನಾವು ತಗೋತೀವ್ರಿ."

ಖೋಲಿಯಲ್ಲಿ ಎದ್ದ ಗದ್ದಲಕ್ಕೆ ಮೇಲಿನ ಮಾಳಿಗೆಯವರು ಇಳಿದು ಬಂದರು. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪೊಟ್ಟಣದಲ್ಲಿ ಉಳಿದ ಸಕ್ಕರೆ ಸುರಿದು ಇನ್ನೊಮ್ಮೆ ಚಹಾಕ್ಕಿಟ್ಟಳು. ಹೆಸರು ಹೊತ್ತ ಮೊದಲ ಪುಸ್ತಕ ಬಂದ ದಿನ ಅವಳು ಅದನ್ನು ರೊಟ್ಟಿಯ ಹಲಗೆಯ ಮೇಲಿಟ್ಟು ಕುಂಕುಮ ಹಚ್ಚಿದಳು. ಎಪ್ಪತ್ತರ ದಶಕ ಮುಗಿಯುವ ತನಕ ಮಾಮಾ ಬರೆದೇ ಬರೆದ. ಕುದುರೆಗಳು ಓಡಿದವು, ರೊಟ್ಟಿಗಾಗಿ ನಿಂತವು. ನಾನು ಲೋಕಲ್‌ನಲ್ಲಿ ರಟ್ಟಿಗೆ ಪೇಪರು ಸುತ್ತುವುದನ್ನು ಬಿಟ್ಟೆ.

ಆ ಮೊದಲ ಪುಸ್ತಕ ನನ್ನ ಕಪಾಟಿನಲ್ಲಿದೆ. ಇವತ್ತು ತೆಗೆದು ಮೊಮ್ಮಗಳಿಗೆ ಕೊಟ್ಟೆ. ಮುಖಪುಟದಲ್ಲಿ ಕುದುರೆ, ಪಿಸ್ತೂಲು, ಸಲೂನಿನ ಬಾಗಿಲು, ಹೊರಗೆ ಒಪ್ಪವಾಗಿ ಜೋಡಿಸಿದ ಬೂಟುಗಳು. "ಅಜ್ಜಿ, ಕನ್ನಡ್ ಮೇ ಕೌಬಾಯ್? ಸಚ್ಚಿ?" ಎಂದು ಕಣ್ಣರಳಿಸಿದಳು. ಕನ್ನಡ ಅವಳಿಗೆ ತಡವರಿಕೆಯ ಓದು. ರಟ್ಟಿನ ಮೇಲೆ ಬೆರಳಿಟ್ಟು, "ಸಂ...ಗ...ಪ್ಪ," ಎಂದು ಕೂಡಿಸಿ ಕೂಡಿಸಿ ಓದಿ, ಕಡೆಗೆ ಗೆದ್ದವಳಂತೆ ದೊಡ್ಡ ದನಿಯಲ್ಲಿ "ಸಂಗಪ್ಪ ಹೊಸಮನಿ!" ಎಂದಳು.

ಎದ್ದು ಹೋಗಿ ಅವಳ ಬೂಟುಗಳನ್ನೂ ನನ್ನ ಚಪ್ಪಲಿಗಳನ್ನೂ ತಂದು ಬಾಗಿಲ ಹೊರಗೆ ಸಾಲಾಗಿ ಇಟ್ಟಿದ್ದೇನೆ. ಸೆಕ್ರೆಟರಿ ಕೇಳಲು ಬರುತ್ತಾನೆ, ಬರಲಿ. ಚಹಾ ಕೊಡುತ್ತೇನೆ, ಕತೆಯನ್ನೂ ಹೇಳುತ್ತೇನೆ. ಆದರೆ ಹೊಸ್ತಿಲು ದಾಟುವ ಮೊದಲು ಅವನೂ ತನ್ನ ಬೂಟು ಹೊರಗೆ ಬಿಡಬೇಕು.