ಮಡಿಗೆ ಒಗೆದ ಜಾಕೀಟು

ನೀರಿನ ವಿಷಯದಲ್ಲಿ ನಾನು ಪುಕ್ಕಲ. ಜನ ಅದನ್ನು ಎಚ್ಚರ ಎಂದು ಕರೆದರು, ನಾನೂ ಅಲ್ಲ ಅನ್ನಲಿಲ್ಲ. ಕಲಬುರಗಿಯಂಥ ಬಿಸಿಲೂರಿನಲ್ಲಿ ದೋಣಿ ನಡೆಸಲು ಬರುವವನೇ ಅಪರೂಪ. ಅದರಲ್ಲೂ ನಿಯಮ ಕಲಿತು ನಡೆಸುವವನೆಂದರೆ ಕೇಳಬೇಕೆ, ನನಗೆ ತಲೆಯ ಮೇಲೆ ಎರಡು ಕೋಡು ಮೂಡಿದ್ದವು.

ಅದು ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಹದಿನೈದು ದಿನದ ದೋಣಿ ಶಿಬಿರವೊಂದಕ್ಕೆ ಪರ ಊರಿಗೆ ಹೋಗಿಬಂದಿದ್ದೆ. ಅದಾದ ಮೇಲೆ ಕಾಲೇಜಿಗೆ ಎಲ್ಲಿಂದಲೋ ಒಂದು ಹಳೆಯ ದೋಣಿ, ನೀರಿಗೆ ಬಿದ್ದವರನ್ನು ತೇಲಿಸುವ ಮೂರು ಜಾಕೀಟು ಬಂದವು. ದೋಣಿ ಎಂದರೆ ನಮ್ಮ ಕಡೆಯ ದುಂಡನೆಯ ಹರಿಗೋಲಲ್ಲ. ಮೂವರು ಒಬ್ಬರ ಹಿಂದೊಬ್ಬರು ಕೂರುವ, ಉದ್ದನೆಯ, ಕಿರಿದಾದ ಫೈಬರ್ ದೋಣಿ. ಶಿಬಿರದವರು ಅದನ್ನು ಕೆನೂ ಎನ್ನುತ್ತಿದ್ದರು. ಜಾಕೀಟುಗಳು ಕಿತ್ತಳೆ ಬಣ್ಣದವು. ಒಳಗಿದ್ದದ್ದು ಬೂರುಗದ ಹತ್ತಿ. ಅದಕ್ಕೆ ನೀರು ತಾಗದಂತೆ ತೆಳ್ಳಗಿನ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಹೊಲಿದಿದ್ದರು. ಆ ಚೀಲ ಒಡೆದರೆ ಜಾಕೀಟು ಸತ್ತಂತೆ. ಒಮ್ಮೆ ಅದನ್ನು ಮಡಚಿ ಅದರ ಮೇಲೆ ಕೂತಿದ್ದ ವಿದ್ಯಾರ್ಥಿಗೆ ಕೆರೆಯ ಆಚೆ ದಡಕ್ಕೆ ಕೇಳುವಂತೆ ಬೈದಿದ್ದೆ.

ಭಾನುವಾರ ನಗರದ ಕೆರೆಯಲ್ಲಿ ನನ್ನ ಜೊತೆ ಹುಟ್ಟು ಹಾಕುತ್ತಿದ್ದವನು ರೋಜಾ ಬಡಾವಣೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ. ಅವನ ಹೊಟ್ಟೆಗೆ ಯಾವ ಜಾಕೀಟಿನ ಪಟ್ಟಿಯೂ ಸಾಲುತ್ತಿರಲಿಲ್ಲವಾದ್ದರಿಂದ ಸ್ಕೂಟರಿನ ಎರಡು ಟ್ಯೂಬುಗಳಿಗೆ ಗಾಳಿ ತುಂಬಿ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ. ದೋಣಿ ಇಳಿಸುವ ಮೊದಲು ನಾನು ದಡದುದ್ದಕ್ಕೂ ನಡೆದು ನೋಡುವುದು, ಕಡ್ಡಿ ಎಸೆದು ನೀರಿನ ಓಟ ಅಳೆಯುವುದು, ಒಂದೊಂದು ಜಾಕೀಟನ್ನೂ ನೀರಿಗೆ ಅದ್ದಿ ಒತ್ತಿ ನೋಡುವುದು, ತೊಟ್ಟವರ ಪಟ್ಟಿ ಜಗ್ಗಿ ನೋಡುವುದು ಇವೆಲ್ಲ ಅವನಿಗೆ ತಮಾಷೆ.

“ಸಾಬ್, ನಮಾಜಿಗಿಂತ ನಿಮ್ಮ ವಜೂನೇ ದೊಡ್ಡದಾತಲ್ರೀ!” ಎನ್ನುತ್ತಿದ್ದ. ವಜೂ ಎಂದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಶಾಸ್ತ್ರ.

ಐವಾನ್-ಎ-ಶಾಹಿ ಕಡೆಗಿದ್ದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅತ್ಯಾ ಇದ್ದೆವು. ಅತ್ಯಾ ಎಂದರೆ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದವಳು. ಅಮ್ಮ ಶಾಲೆಗೆ ನೌಕರಿಗೆ ಹೋಗುತ್ತಿದ್ದಳಾದ್ದರಿಂದ ನನಗೆ ತುತ್ತು ಕೊಟ್ಟು, ಕಿವಿ ಹಿಂಡಿ ಬೆಳೆಸಿದವಳು ಅತ್ಯಾನೇ. ಅವಳ ಮಡಿ ಬಹಳ ಬಿಗಿ. ಒಗೆದ ಸೀರೆಯನ್ನು ಸೂರಿಗೆ ತೂಗಿದ ಗಳದ ಮೇಲೆ ಕೋಲಿನಿಂದ ಹರವುವಳು. ಅದು ಒಣಗಿ ಅವಳ ಮೈಮೇಲೆ ಬರುವ ತನಕ ನಾವು ಯಾರೂ ಮುಟ್ಟುವ ಹಾಗಿರಲಿಲ್ಲ. ಉಟ್ಟ ಮೇಲಂತೂ ಅವಳನ್ನೇ ಮುಟ್ಟುವ ಹಾಗಿರಲಿಲ್ಲ.

ಅಪ್ಪನ, ಅತ್ಯಾನ ಹುಟ್ಟೂರು ಕಮಲಾಪುರ. ಅಲ್ಲಿ ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತಂತೆ. ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸದ ಕಡೆಯ ದಿನ ಹಳ್ಳದ ನಟ್ಟನಡುವಿನಿಂದ ತಾಮ್ರದ ತಂಬಿಗೆಯಲ್ಲಿ ನೀರು ತಂದು ದೇವರಿಗೆ ಅಭಿಷೇಕ ಮಾಡುವುದು. ದಡದ ನೀರಿನಲ್ಲಿ ಜನ ಬಟ್ಟೆ ಒಗೆಯುತ್ತಾರೆ, ಎಮ್ಮೆ ಮೈ ತೊಳೆಯುತ್ತಾರೆ. ನಡುನೀರು ಮಾತ್ರ ಯಾರೂ ಮುಟ್ಟದ್ದು. ಆಗೆಲ್ಲ ಬೆಲ್ಲ ಕುದಿಸುವ ದೊಡ್ಡ ಕಡಾಯಿಯಲ್ಲಿ ಕೂತು ಹೋಗುತ್ತಿದ್ದರಂತೆ. ಊರು ಬಿಟ್ಟ ಮೇಲೆ ಅದು ನಿಂತೇಹೋಗಿತ್ತು. ಮಳೆಗಾಲದಲ್ಲೇ ಅಧಿಕ ಮಾಸ ಬಂದ ಆ ವರ್ಷ, ಮನೆಯಲ್ಲೇ ಒಬ್ಬ ಅಂಬಿಗ ಹುಟ್ಟಿಕೊಂಡಿದ್ದನ್ನು ಕಂಡು ಅತ್ಯಾಗೆ ಆಸೆಯಾಯಿತು.

“ಒಂದೇ ಒಂದು ತಂಬಿಗಿ ನೀರಪ್ಪಾ. ಮುಂದಿನ ಅಧಿಕಕ್ಕ ನಾ ಇರ್ತೀನೋ ಇಲ್ಲೋ,” ಎಂದಳು.

“ಜಾಕೀಟು ಹಾಕ್ಕೊಂಡ್ರ ಕರಕೊಂಡು ಹೋಗ್ತೀನಿ.”

“ಊರ ಹುಡುಗರ ಬೆವರು ಕುಡದ ಆ ಮೈಲಿಗಿ ಅಂಗಿ? ನಾ ಒಲ್ಲೆ. ನಂಗ ಈಜು ಬರ್ತದ. ಬೆನ್ನಿಗೆ ಸೋರೆಬುರುಡಿ ಕಟ್ಟಿ ನಿಮ್ಮಪ್ಪನೇ ಕಲಿಸ್ಯಾನ, ನೀ ಹುಟ್ಟೂಕಿಂತ ಮೊದಲ.”

ನಾನು ಜಗ್ಗಲಿಲ್ಲ. ಜಾಕೀಟಿಲ್ಲದೆ ದೇವರನ್ನೂ ಹತ್ತಿಸುವುದಿಲ್ಲ ಎಂದೆ. ಎರಡು ದಿನ ಅವಳು ಮಾತು ಬಿಟ್ಟಳು. ಮೂರನೆಯ ದಿನ ನನಗೇ ಒಂದು ಉಪಾಯ ಹೊಳೆಯಿತು. ಸೀರೆಯನ್ನು ಒಗೆದು ಮಡಿ ಮಾಡುವುದಾದರೆ ಜಾಕೀಟನ್ನೂ ಮಾಡಬಹುದಲ್ಲ! ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅರಿವೆ ಅರಿವೆನೇ ಅಲ್ಲೇನು, ಎಂದು ಒಪ್ಪಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಹಿಗ್ಗಿದೆ.

ಮರುದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಪೇಪರು ಓದುತ್ತಿದ್ದೆ. ಹಿತ್ತಲಿನ ಒಗೆಯುವ ಕಲ್ಲಿನಿಂದ ದಪ್ ದಪ್ ಸದ್ದು ಬರುತ್ತಿತ್ತು. ಅತ್ಯಾ ಏನನ್ನು ಒಗೆದರೂ ಸೇಡು ತೀರಿಸಿಕೊಂಡ ಹಾಗೆ ಒಗೆಯುತ್ತಿದ್ದಳು. ಜಾಕೀಟಿಗೆ ಸರಿಯಾದ ಪೂಜೆ ನಡೆದಿದೆ ಎಂದು ನಾನು ನಕ್ಕೆ ಕೂಡ. ಒಬ್ಬ ಹುಡುಗ ಕೂತದ್ದಕ್ಕೆ ಊರೆಲ್ಲ ಕೇಳುವಂತೆ ಬೈದವನಿಗೆ ಆ ಸದ್ದು ಏನೆಂದು ಹೊಳೆಯಲಿಲ್ಲ. ಇಷ್ಟು ವರ್ಷವಾದರೂ ಇದು ಮಾತ್ರ ನನಗೆ ಅರ್ಥವಾಗಿಲ್ಲ. ಕಿವಿಗೆ ಕೇಳಿಸಿತ್ತು, ಅಷ್ಟೆ.

ಜಾಕೀಟು ಒಣಗಲು ಮೂರು ದಿನ ಬೇಕಾಯಿತು. ಬಿಳಿ ಸೀರೆಗಳ ನಡುವೆ ಗಳದ ಮೇಲೆ ಕಿತ್ತಳೆ ಬಣ್ಣದ ಒಂದು ಮುಂಡ ತೂಗುತ್ತಿತ್ತು. ಅದರ ಕೆಳಗೆ ಹಾದು ಹೋಗುವಾಗ ಅಮ್ಮ, “ನೋಡಿದ್ರ ಯಾರೋ ಉರುಲು ಹಾಕ್ಕೊಂಡಂಗ ಕಾಣ್ತದ, ತಗೀರಿ ಅದನ್ನ,” ಎಂದಳು. ಮಡಿಯ ಗಳದಿಂದ ತೆಗೆಯುವವರು ಯಾರು? ಅದು ಅಲ್ಲೇ ಇತ್ತು.

ಅಮಾವಾಸ್ಯೆಯ ದಿನ ದೋಣಿಯನ್ನು ಟೆಂಪೋ ಮೇಲೆ ಕಟ್ಟಿ ಹುಮನಾಬಾದ್ ರಸ್ತೆ ಹಿಡಿದೆವು. ಗೆಳೆಯ ಡ್ರೈವರ್ ಪಕ್ಕ, ನಾನು ಹಿಂದೆ. ಅತ್ಯಾ ಮಡಿಯುಟ್ಟು ನನ್ನಿಂದ ಒಂದು ಮೊಳ ದೂರ, ಮಡಿಲಲ್ಲಿ ಜಾಕೀಟು ಇಟ್ಟುಕೊಂಡು ಕೂತಿದ್ದಳು. ಮಂಡಿನೋವಿನ ಅಪ್ಪ ಮನೆಯಲ್ಲೇ ಉಳಿದಿದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಮ್ಯಾಲ ಮಳಿ ಆಗ್ಯದ ಅಂತ ಕೇಳೀನಿ. ನೀ ಇದ್ದೀ ಅಂತ ಕಳಸಾಕತ್ತೀನಿ,” ಎಂದಿದ್ದರು.

ಕಮಲಾಪುರದ ಹಳ್ಳ ಕೆಂಪಗೆ, ಮುಕ್ಕಾಲು ದಡ ತುಂಬಿ ಹರಿಯುತ್ತಿತ್ತು. ಸದ್ದೇ ಇರಲಿಲ್ಲ. ನಾವು ಇಳಿಯುವ ಜಾಗದಿಂದ ಎರಡು ಫರ್ಲಾಂಗು ಕೆಳಗೆ ನೀರಿಗೆ ಅಡ್ಡಲಾಗಿ ಒಂದು ಬಾಂದಾರ ಕಟ್ಟಿದ್ದರು. ಆಳೆತ್ತರದ ಕಲ್ಲಿನ ಗೋಡೆ. ನೀರು ಅದರ ಮೇಲಿಂದ ಜಾರಿ ಆಚೆ ಬೀಳುತ್ತಿತ್ತು. ಮೇಲಿನಿಂದ ನೋಡಿದರೆ ಗೋಡೆ ಕಾಣುವುದಿಲ್ಲ, ಬೀಳುವ ನೀರೂ ಕಾಣುವುದಿಲ್ಲ. ನೀರು ಒಂದು ನೇರ ಗೆರೆಗೆ ಬಂದು ಮುಗಿದುಹೋಗುತ್ತದೆ, ಅಷ್ಟೆ. ಬಾಂದಾರದ ಕೆಳಗೆ ಬಿದ್ದ ನೀರು ತಿರುಗಿ ಗೋಡೆಯ ಕಡೆಗೇ ಸುತ್ತುತ್ತದೆ, ಬಿದ್ದದ್ದನ್ನು ಬಿಡುವುದಿಲ್ಲ ಎಂದು ಶಿಬಿರದಲ್ಲಿ ಬಾಯಿಪಾಠ ಮಾಡಿಸಿದ್ದರು. ನಾನು ದಡದ ಮೇಲೆ ಅಲ್ಲಿಯವರೆಗೂ ನಡೆದೆ. ಒಂದು ಬಾಳೆದಿಂಡು ಗೋಡೆಯ ಬುಡದಲ್ಲಿ ಮುಳುಗುತ್ತ ಏಳುತ್ತ ಅಲ್ಲೇ ತಿರುಗುತ್ತಿತ್ತು. ಎಷ್ಟು ಹೊತ್ತಿನಿಂದ ತಿರುಗುತ್ತಿತ್ತೋ, ಸಿಪ್ಪೆಯೆಲ್ಲ ಸುಲಿದು ಬಿಳಿಚಿಕೊಂಡಿತ್ತು.

ವಾಪಸು ಬಂದು ಕಡ್ಡಿ ಎಸೆದು ಓಟ ನೋಡಿದೆ. ಜೋರಿತ್ತು. ಮೇಲಕ್ಕೆ ಓರೆಯಾಗಿ ಹುಟ್ಟು ಹಾಕಿ ನಡುವಿಗೆ ಹೋಗಿ, ತಂಬಿಗೆ ತುಂಬಿಕೊಂಡು ಕೂಡಲೇ ತಿರುಗಿದರೆ ಆದೀತು ಎಂದು ಲೆಕ್ಕ ಹಾಕಿದೆ. ಗೆಳೆಯ ನೀರನ್ನೇ ನೋಡುತ್ತಿದ್ದವನು, “ಸಾಬ್, ಇವತ್ತು ಬ್ಯಾಡ ಅನಸ್ತದ,” ಎಂದ. ಆದರೆ ಅಮಾವಾಸ್ಯೆ ನಾಳೆ ಇರುವುದಿಲ್ಲವಲ್ಲ.

ಅತ್ಯಾ ಜಾಕೀಟು ತೊಟ್ಟು ಪಟ್ಟಿಗಳನ್ನು ತಾನೇ ಕಟ್ಟಿಕೊಂಡಳು. “ಒಗದ ಮ್ಯಾಲ ಚೊಲೊ ಮೆತ್ತಗಾಗ್ಯದ ನೋಡು,” ಎಂದಳು. ನಾನು ಗೆಳೆಯನ ಟ್ಯೂಬು ಜಗ್ಗಿ ನೋಡಿದೆ, ನನ್ನ ಜಾಕೀಟನ್ನು ನೀರಿಗೆ ಅದ್ದಿ ಒತ್ತಿ ನೋಡಿ ತೊಟ್ಟುಕೊಂಡೆ. ಅವಳ ಮುಂದೆ ಬಂದು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅವಳಿಗೆ ಗೊತ್ತಾಯಿತು.

“ನಂದೂ ನೋಡ್ತೀ ಏನೋ? ಮುಟ್ಟು ಬೇಕಾದ್ರ. ಮೈಲಿಗಿ ಆದ್ರ ಇಲ್ಲೇ ಇನ್ನೊಂದು ಮುಳುಗು ಹಾಕ್ತೀನಿ,” ಎಂದಳು.

ಐವತ್ತೆಂಟು ವರ್ಷದ ಅತ್ಯಾ ಯಾರಿಗೂ ಹೀಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗಾಗಿ ಅಷ್ಟು ಸಡಿಲಾದಳು. ಆದರೆ ಮುಟ್ಟಿದರೆ ಮೂರು ದಿನ ಒಣಗಿಸಿದ ನನ್ನ ಜಾಣತನವೆಲ್ಲ ನೀರುಪಾಲು. ಹೊತ್ತು ಏರುತ್ತಿತ್ತು, ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

“ಬ್ಯಾಡ ಅತ್ಯಾ, ಏನಾಗ್ತದ, ನಡಿ,” ಎಂದೆ.

ಗೆಳೆಯ ಮುಂದೆ, ಅತ್ಯಾ ನಡುವೆ, ನಾನು ಹಿಂದೆ. ಹರಿವು ಬರುವ ಕಡೆಗೆ ಬಾಗಬೇಡ, ನೀರು ಅಂಚನ್ನು ಎಳೆದುಕೊಳ್ಳುತ್ತದೆ, ಕೆಳಗಿನ ಮಗ್ಗುಲಿಂದಲೇ ತಂಬಿಗೆ ಅದ್ದು ಎಂದು ಮೂರು ಸಲ ಹೇಳಿದ್ದೆ. ಮೂರು ಸಲವೂ ಹೂಂ ಎಂದಿದ್ದಳು. ನಡುವಿಗೆ ಬಂದೆವು. ಅವಳು ಕಣ್ಣುಮುಚ್ಚಿ ಏನೋ ಹೇಳಿಕೊಂಡು ತಂಬಿಗೆಯನ್ನು ಕೆಳಗಿನ ಮಗ್ಗುಲಿಗೆ ಒಯ್ದಳು. ಅಲ್ಲಿ ತಡೆದಳು. ಆ ನೀರು ನಮ್ಮ ದೋಣಿಯನ್ನು ಮುಟ್ಟಿ ಬಂದ ನೀರು. ಒಂದು ಜನ್ಮದ ರೂಢಿ ಒಂದು ಹೂಂಗೆ ಬಗ್ಗುತ್ತದೆಯೇ? ಅವಳು ಗಕ್ಕನೆ ಇನ್ನೊಂದು ಮಗ್ಗುಲಿಗೆ ತಿರುಗಿ, ಎದುರು ಬರುವ ನೀರಿಗೆ ಬಾಗಿದಳು.

ಮಗುಚಿದ್ದು ನನಗೆ ನೆನಪಿಲ್ಲ. ನೀರಿನೊಳಗೆ ಕಣ್ಣು ತೆರೆದದ್ದು, ಎಲ್ಲ ಕೆಂಪಗೆ ಕಂಡದ್ದು, ಜಾಕೀಟು ನನ್ನನ್ನು ಕಂಕುಳಲ್ಲಿ ಹಿಡಿದು ಮೇಲೆತ್ತಿದ್ದು ನೆನಪಿದೆ. ದೋಣಿಯನ್ನು ಬಿಡಬೇಡಿ ಎಂಬ ನಿಯಮದಂತೆ ದೋಣಿ ಹಿಡಿದೆ. ಅತ್ಯಾ ಹತ್ತು ಮಾರು ದೂರದಲ್ಲಿ ಈಜುತ್ತಿದ್ದಳು. ನಿಜಕ್ಕೂ ಈಜುತ್ತಿದ್ದಳು, ಕಚ್ಚೆ ಹಾಕಿದ್ದ ಸೀರೆಯಲ್ಲಿ ಕೈ ಬೀಸಿ ಬೀಸಿ, ದಡದ ಕಡೆಗೆ. ಈಜೂ ಇದೆ, ಜಾಕೀಟೂ ಇದೆ, ಇವಳೇ ನಮಗಿಂತ ಮೊದಲು ಮುಟ್ಟುತ್ತಾಳೆ ಎಂದುಕೊಂಡೆ. ಆಮೇಲೆ ಕಿತ್ತಳೆ ಬಣ್ಣ ಕೆಳಗಿಳಿಯತೊಡಗಿತು. ಭುಜ ಮುಳುಗಿತು, ಗದ್ದ ಮುಳುಗಿತು. ಅವಳು ನನ್ನ ಕಡೆ ನೋಡಿದಳು. ಹೆದರಿಕೆ ಇರಲಿಲ್ಲ ಆ ಮುಖದಲ್ಲಿ. ಇದೇನಿದು ಎಂದು ಕೇಳುವ ಹಾಗಿತ್ತು.

ಗೆಳೆಯ ದೋಣಿ ಬಿಟ್ಟು ಅವಳತ್ತ ಹೋದ. ನಾನು ಬಿಡಲಿಲ್ಲ. ಅವನು ಅವಳ ಕೊರಳಪಟ್ಟಿ ಹಿಡಿದ. ಹರಿದ ಬಟ್ಟೆಯೊಂದಿಗೆ ಒಂದು ಹಿಡಿ ಹತ್ತಿ ಅವನ ಮುಷ್ಟಿಗೆ ಬಂತು, ಅವಳು ಬರಲಿಲ್ಲ. ಬಾಂದಾರದ ಗೆರೆ ಹತ್ತಿರವಿತ್ತು. ದಡದ ಜಾಲಿಯ ಕೊಂಬೆಗೆ ದೋಣಿ ಸಿಕ್ಕು ನಾನು ಉಳಿದೆ. ಅವನನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೀರೆ ಎಸೆದು ಎಳೆದುಕೊಂಡರು.

ಅತ್ಯಾ ಮಧ್ಯಾಹ್ನ ಸಿಕ್ಕಳು, ಬಾಂದಾರದ ಕೆಳಗೆ. ಪಟ್ಟಿಗಳನ್ನು ಎಷ್ಟು ಗಟ್ಟಿ ಕಟ್ಟಿಕೊಂಡಿದ್ದಳೆಂದರೆ ಕುಡುಗೋಲಿನಿಂದ ಕೊಯ್ಯಬೇಕಾಯಿತು. ಗೆಳೆಯ ಆ ಜಾಕೀಟನ್ನು ಎತ್ತಲು ಹೋದ. ಎರಡು ಕೈ ಬೇಕಾದವು. ಒಳಗೆ ಕೈಹಾಕಿ ಚಿಂದಿಯಾದ ಪ್ಲಾಸ್ಟಿಕ್ ಎಳೆದು ನನಗೆ ತೋರಿಸಿದ. “ಇದು ತೇಲಸೂದಲ್ಲ ಸಾಬ್, ಮುಳುಗಸೂದು,” ಎಂದು ಮೆಲ್ಲಗೆ ಹೇಳಿ, ಪಕ್ಕದಲ್ಲಿ ಬಂದು ನಿಂತ ಜನರ ಕಣ್ಣಿಗೆ ಬೀಳದಂತೆ ಮಡಚಿದ. ಪಂಚನಾಮೆಯಲ್ಲಿ ಮೃತರು ಜಾಕೀಟು ಧರಿಸಿದ್ದರು ಎಂದು ಬರೆದರು. ಸುಳ್ಳೇನೂ ಅಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಅಪ್ಪ ನನ್ನನ್ನು ಹತ್ತಿರ ಕೂಡಿಸಿಕೊಂಡು ಕೇಳಿದರು: “ಅಕಿಗೆ ಈಜು ಬರ್ತಿತ್ತು. ನಾನೇ ಕಲಿಸಿದ್ದೆ. ಜಾಕೀಟೂ ಇತ್ತು. ಮತ್ತ ಹ್ಯಾಂಗೋ?”

“ನೀರು ಭಾಳ ಇತ್ತಪ್ಪಾ,” ಎಂದೆ.

ನಿಜ ಹೇಳಿದರೆ ತಪ್ಪೆಲ್ಲ ಒಗೆದವಳ ತಲೆಗೆ ಬರುತ್ತದೆ, ಸತ್ತವಳ ಹೆಸರು ಕೆಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದೆಲ್ಲ ಹುಸಿ. ಅವಳು ಮುಟ್ಟು ಎಂದಿದ್ದಳು, ನಾನು ಬೇಡ ಎಂದಿದ್ದೆ. ಅಪ್ಪನಿಗೆ ಗೊತ್ತಾಗಬಾರದಾಗಿದ್ದದ್ದು ಅದೊಂದೇ.

ಅಪ್ಪ ನನ್ನ ಮಾತನ್ನು ನಂಬಿದರು. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಎಲ್ಲಾದರೂ ಯಾರಾದರೂ ನೀರಲ್ಲಿ ಹೋದರೆಂದು ಸುದ್ದಿ ಬಂದಾಗ ಮನೆಗೆ ಬಂದವರಿಗೆ ಹೇಳುತ್ತಿದ್ದರು, “ನಮ್ಮ ತಂಗಿ ಹೋಗಿದ್ದು ಅಕಿ ಆಯುಷ್ಯ ತೀರಿತ್ತು ಅಂತ. ನನ್ನ ಮಗನ ಕೈಲಿಂದ ಒಂದು ತಪ್ಪು ಆಗಿಲ್ಲ ನೋಡ್ರಿ. ಎಲ್ಲಾ ನೋಡೇ ಹತ್ತಿಸ್ಯಾನ.” ಹಾಗೆ ಹೇಳಿ, ಹೌದಲ್ಲೋ, ಎಂದು ನನ್ನ ಕಡೆ ತಿರುಗುತ್ತಿದ್ದರು.

ನಾನು ಪ್ರತಿ ಸಲವೂ ಹೌದಪ್ಪಾ ಎಂದೆ.