ಬಣ್ಣದ ಸಾಹೇಬರ ಜರ್ಮನ್ ಪುಸ್ತಕ

ಬಣ್ಣದ ಸಾಹೇಬರ ನಾಲಿಗೆಯ ತುದಿ ಒಂದೊಂದು ದಿನ ಒಂದೊಂದು ಬಣ್ಣದಲ್ಲಿರುತ್ತಿತ್ತು. ಬಣ್ಣ ನೂಲಿಗೆ ಹಿಡಿಯಲೆಂದು ಹಂಡೆಯ ನೀರಿಗೆ ಹಾಕಿದ ಹುಳಿ ಸಾಕೋ ಇನ್ನೂ ಬೇಕೋ ಎಂದು ತಿಳಿಯಲು ಕಿರುಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ಪಕ್ಕಕ್ಕೆ ಉಗುಳುತ್ತಿದ್ದರು. ಹಾಗಾಗಿ ಬಾಯಿ ತೆರೆದರೆ ಸೋಮವಾರ ನೇರಳೆ, ಬುಧವಾರ ಹಸಿರು. ಗೋಣಿತಾಟಿನ ಪರದೆಯ ಹಿಂದೆ ಕೂತು ರೇಷ್ಮೆ ನೂಲಿನ ಲಡಿ ಬಿಡಿಸುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಹೇಳುತ್ತಿದ್ದರು: “ಸಾರು ರುಚಿ ಇಲ್ಲ ಅಂತ ನನ್ನ ಬೈತಾರೆ. ನಾಲ್ಗೆ ಎಲ್ಲಿ ಇಟ್ ಬಂದವ್ರೆ ಕೇಳಪ್ಪ ನೀನೇ.”

ಕೋಲಾರದಲ್ಲಿ ಕೆರೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ ಅವರ ಬಣ್ಣದ ಮನೆ. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ತಾತನ ಕಾಲದಿಂದ ಬಂದ ಕಸುಬು. ಊರಿಗೆಲ್ಲ ಅವರು ಬಣ್ಣದ ಸಾಹೇಬರು. ನಮ್ಮದು ಹುತ್ತೂರು ಕಡೆಯ ಹಳ್ಳಿ. ರಾಗಿ, ಒಂದಿಷ್ಟು ಹಿಪ್ಪುನೇರಳೆ, ಮನೆಯ ನಡುವೆ ಹುಳದ ತಟ್ಟೆಗಳು. ನಮ್ಮ ಗೂಡಿನಿಂದ ತೆಗೆದ ನೂಲು ಕೊನೆಗೆ ಅವರ ಹಂಡೆಗೇ ಬೀಳುತ್ತಿದ್ದುದರಿಂದ ಅಪ್ಪನಿಗೂ ಅವರಿಗೂ ಹಳೆಯ ಪರಿಚಯ. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಸಹಿ ಹಾಕಲು ಬಲ್ಲವರು ಯಾರೂ ಇರಲಿಲ್ಲ. ನಾನು ಬಿ.ಎ. ಆದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಲಭಕ್ಕೆ ಬಂದದ್ದಲ್ಲ.

ಬೆಂಗಳೂರಿನ ಕಾಲೇಜಿನಲ್ಲಿ ಜರ್ಮನ್ ಯಾಕೆ ತೆಗೆದುಕೊಂಡೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಮೊದಲ ವಾರ ನಾನು ಸಂಸ್ಕೃತದ ತರಗತಿಯಲ್ಲೇ ಕೂತಿದ್ದೆ. ಅಕ್ಕಪಕ್ಕದವರೆಲ್ಲ ಅದನ್ನು ಮನೆಯಲ್ಲಿ ತಾತನ ಬಾಯಿಂದ ಕೇಳಿ ಬಂದವರು. ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚಿನಲ್ಲಿ ನಗು. ಜರ್ಮನ್ ತರಗತಿಯಲ್ಲಿ ಇದ್ದದ್ದೇ ಐದು ಜನ, ಐವರೂ ನನ್ನಷ್ಟೇ ದಡ್ಡರು. ಯಾರ ತಾತನಿಗೂ ಜರ್ಮನ್ ಬರುತ್ತಿರಲಿಲ್ಲ. ಎಲ್ಲರೂ ಮೊದಲ ಅಕ್ಷರದಿಂದ ಶುರು ಮಾಡುವ ಕಡೆ ನಾನೂ ಕೂರಬಹುದು ಅನ್ನಿಸಿತು, ಹೋಗಿ ಕೂತೆ.

ಮೇಷ್ಟ್ರು ಒಳ್ಳೆಯವರು. ಆ ದೇಶದ ಹಿಮ, ದಟ್ಟ ಕಾಡು, ಕಪ್ಪು ರೊಟ್ಟಿ, ಕ್ರಿಸ್‌ಮಸ್ ದಿನ ಮನೆಯೊಳಗೆ ನಿಲ್ಲಿಸುವ ಮರ, ಎಲ್ಲವನ್ನೂ ಹಲಗೆಯ ಮೇಲೆ ಬರೆದು ತೋರಿಸಿದರು. ಕವಿತೆಗಳನ್ನು ಬಾಯಿಪಾಠ ಮಾಡಿದೆ. ಒಂದು ಇಡೀ ನಾಟಕವನ್ನು ನಿಘಂಟು ಹಿಡಿದುಕೊಂಡೇ ಮುಗಿಸಿದೆ. ಆದರೆ ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಬೇಸಿಗೆಯಲ್ಲಿ ಬಿ.ಎ. ಫಲಿತಾಂಶ ಬಂದಾಗ ಮಿಕ್ಕದ್ದೆಲ್ಲ ಪಾಸು, ಜರ್ಮನ್ ಫೇಲು. ಹಿಂದೆ ಓದಿರದ ಗದ್ಯವೊಂದನ್ನು ಕೊಟ್ಟು ಇಂಗ್ಲಿಷಿಗೆ ತಿರುಗಿಸಿ ಅನ್ನುವ ಪತ್ರಿಕೆಯಲ್ಲಿ ಮುಗ್ಗರಿಸಿದ್ದೆ.

ಅಪ್ಪ ಹುಳಕ್ಕೆ ಸೊಪ್ಪು ಹಾಕುತ್ತಲೇ ಕೇಳಿದ: “ಏಮಿರಾ, ಇನ್ನ ಎಷ್ಟ್ ಸಲ?”

“ಸೆಪ್ಟೆಂಬರಲ್ಲಿ ಇನ್ನೊಂದ್ ಸಲ ಐತೆ.”

“ಅದೂ ಹೋದ್ರೆ?”

“ಹೋಗಲ್ಲ.”

“ಹೋದ್ರೆ ಅಂದೆ.”

“ಹೋದ್ರೆ ಸೊಪ್ಪು ಕೊಯ್ಯಕ್ಕೆ ಬರ್ತೀನಿ.”

“ಸರಿ. ಕುಡ್ಲಿಗೆ ಸಾಣೆ ಹಿಡಿಸಿ ಮಡಗಿರ್ತೀನಿ.”

ಅಪ್ಪ ತಮಾಷೆ ಮಾಡುವ ಮನುಷ್ಯನಲ್ಲ. ನನಗೆ ಇದ್ದದ್ದು ಆ ಒಂದೇ ಸೆಪ್ಟೆಂಬರು.

ಜೂನ್ ತಿಂಗಳಲ್ಲಿ ಬಣ್ಣದ ಸಾಹೇಬರು ಹೇಳಿಕಳಿಸಿದರು. ಹೋದೆ. ಅವರ ಮುಂದೆ ಒಂದು ಮರದ ಪೆಟ್ಟಿಗೆ ಇತ್ತು. ಯುದ್ಧಕ್ಕೆ ಸ್ವಲ್ಪ ಮುಂಚೆ ಬೊಂಬಾಯಿಯ ವ್ಯಾಪಾರಿಯಿಂದ ಬಂದದ್ದು. ಒಳಗೆ ಜರ್ಮನಿಯ ಬಣ್ಣದ ಡಬ್ಬಿಗಳು, ಅವರು ಹಿಂದೆಂದೂ ಬಳಸಿರದ ಹೊಸ ಜಾತಿಯವು. ಊರಲ್ಲಿ ಯಾರಿಂದಲಾದರೂ ಓದಿಸಿಕೊಳ್ಳಬಹುದಾಗಿದ್ದ ಎಂದಿನ ಇಂಗ್ಲಿಷ್ ಚೀಟಿಯ ಬದಲು ಈ ಸಲ ಇಪ್ಪತ್ತು ಪುಟದ ಒಂದು ಜರ್ಮನ್ ಪುಸ್ತಕ ಬಂದಿತ್ತು. ಅವರಿಗೆ ಓದಲು ಬರುತ್ತಿದ್ದದ್ದು ಉರ್ದು ಒಂದೇ. ಇನ್ನು ಆ ದೇಶದಿಂದ ಬಣ್ಣ ಬರುವಂತಿರಲಿಲ್ಲ. ಒಂದು ಡಬ್ಬಿ ಕೆಟ್ಟರೆ ಕೆಟ್ಟಂತೆಯೇ.

“ಬಾಪ್ಪಾ, ಬಿ.ಎ.”

“ಇನ್ನೂ ಆಗಿಲ್ಲ ಸಾಹೇಬ್ರೆ.”

“ಅದೂ ಗೊತ್ತು, ಫೇಲಂತೆ. ಅರ್ಧ ಜರ್ಮನ್ ಆದ್ರೂ ಐತಲ್ಲ ಹೊಟ್ಟೇಲಿ? ಅಷ್ಟೇ ಕೊಡು, ಸಾಕು.”

ಪುಸ್ತಕ ತೆರೆದೆ. ಚಂದ್ರ, ಬಿರುಗಾಳಿ, ಅಗಲಿಕೆ, ಇವಕ್ಕೆಲ್ಲ ಜರ್ಮನ್ ಮಾತು ನನಗೆ ಗೊತ್ತಿತ್ತು. ಲಡಿಗೆ ಗೊತ್ತಿರಲಿಲ್ಲ. ಜಾಲಿಸುವುದಕ್ಕೆ, ಹಿಂಡುವುದಕ್ಕೆ, ಪಟಿಕಕ್ಕೆ ಗೊತ್ತಿರಲಿಲ್ಲ. ಸಾಹೇಬರು ಕಾದು ನಿಂತಿದ್ದರು. ಪರದೆಯ ಹಿಂದೆ ಲಡಿ ಬಿಡಿಸುವ ಸದ್ದೂ ನಿಂತಿತ್ತು. ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಮೂರನೆಯ ಸಾಲು ಸುತರಾಂ ತಿಳಿಯಲಿಲ್ಲ. ಅದನ್ನು ಹಾರಿಸಿ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಗಂಟು ಹಾಕಿ ಮುಂದೆ ಹೋದೆ. ಕಾಲೇಜಿನಲ್ಲಿ ನನಗೆ ಚೆನ್ನಾಗಿ ಕೈಹತ್ತಿದ್ದ ವಿದ್ಯೆ ಅದು.

ನಾನು ಹೇಳಿದಂತೆಯೇ ಅವರು ಒಂದು ಲಡಿಗೆ ಬಣ್ಣ ಹಾಕಿದರು. ಹೊರಗೆ ಬಂದಾಗ ಅದು ಒಂದು ಕಡೆ ಗಾಢ, ಒಂದು ಕಡೆ ಪೇಲವ, ಚಿರತೆಯ ಮೈಯಂತೆ ಚುಕ್ಕೆ ಚುಕ್ಕೆ. ಒಳ್ಳೆಯ ರೇಷ್ಮೆ ಹಾಳಾಯಿತು.

ಅವರು ಕೂಗಾಡಲಿಲ್ಲ. ಕೈ ಒರೆಸಿಕೊಂಡು ಬಂದು ಪುಸ್ತಕದ ಮೇಲೆ ಬೆರಳಿಟ್ಟರು. “ಇಲ್ಲಿ ಆರು ಚುಕ್ಕಿ ಅವೆ. ನೀನು ನಿಲ್ಸಿದ್ದು ಐದು ಸಲ. ಇನ್ನೊಂದೆಲ್ಲಿ?”

ಒಂದಕ್ಷರ ಓದಲು ಬಾರದ ಪುಟದಲ್ಲಿ ಅವರು ಪೂರ್ಣವಿರಾಮಗಳನ್ನು ಎಣಿಸಿದ್ದರು. ಲಡಿ ಎಷ್ಟು ಸಲ ಮುಳುಗಿತು, ಎಷ್ಟು ಸಲ ಎದ್ದಿತು ಎಂದು ದಿನವೆಲ್ಲ ಎಣಿಸುವ ಮನುಷ್ಯ.

“ಅದು... ಗೊತ್ತಾಗ್ಲಿಲ್ಲ ಸಾಹೇಬ್ರೆ.”

“ಗೊತ್ತಿಲ್ಲ ಅನ್ನಕ್ಕೆ ಇನ್ನೆಷ್ಟ್ ವರ್ಷ ಓದ್ಬೇಕು ಬೇಟಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ ಕೇಳಿದ್ದರು. ಪರೀಕ್ಷೆಯಲ್ಲೂ ನಾನು ಮಾಡಿದ್ದು ಇದನ್ನೇ. ತಿಳಿಯದ ಕಡೆಯೆಲ್ಲ ಹಾರಿಸಿ, ಅಂದವಾಗಿ ಗಂಟು ಹಾಕಿ, ಪರೀಕ್ಷಕರ ಕಣ್ಣಿಗೆ ಮಣ್ಣೆರಚಬಹುದು ಅಂದುಕೊಂಡಿದ್ದೆ.

“ನಾಳೆಯಿಂದ ಬರ್ತೀನಿ. ಒಂದು ಚುಕ್ಕೀನೂ ಬಿಡಲ್ಲ,” ಅಂದೆ.

“ನಾಳೆ ಯಾಕೆ? ಕೂತ್ಕೊ,” ಅಂದರು. “ಎರಡನೇದ್ರಲ್ಲಿ ಏನಂತಾನೆ?”

“ನೂಲನ್ನ ನೀರಿಗೆ ಇಳಿಬಿಡಿ ಅಂತಾನೆ.”

“ನಾಲ್ಕನೇದ್ರಲ್ಲಿ?”

“ಅರ್ಧ ಗಂಟೆ ತಿರುಗಿಸಿ ಅಂತಾನೆ.”

“ಮತ್ತೆ ಹುಳಿ ಎಲ್ಲಿ ಹಾಕ್ದ ಇವ್ನು? ನೀನು ಹೇಳ್ಲಿಲ್ಲ, ನಾನು ರೂಢಿ ಪ್ರಕಾರ ಮೊದ್ಲೇ ಸುರಿದೆ. ಹುಳಿ ಮಾತು ಅಲ್ಲೇ ಇರ್ಬೇಕು ನೋಡು.”

ಹುಳಿ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ಆ ಸಾಲನ್ನು ಮತ್ತೆ ನೋಡಿದೆ. ಮೂರು ಅನ್ನುವ ಮಾತು ಕಂಡಿತು. ಪಾಲು ಅನ್ನುವುದು ಕಂಡಿತು. ಅಷ್ಟರಲ್ಲಿ ಪರದೆಯ ಹಿಂದಿನಿಂದ: “ಒಂದೇ ಸಲ ಸುರೀಬೇಡಿ, ಮೂರು ಸಲ ಹಾಕಿ ಅಂತಿರ್ಬೇಕು. ನಾನು ಆಗ್ಲೇ ಅಂದೆ. ಕೇಳೋರ್ಯಾರು?”

ಹಾಗೆಯೇ ಮಾಡಿದರು. ಎರಡನೆಯ ಲಡಿ ನವಿಲಿನ ಕತ್ತಿನ ಬಣ್ಣದಲ್ಲಿ, ಒಂದೇ ಸಮನಾಗಿ ಮೇಲೆ ಬಂತು.

ಅವತ್ತಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಎದ್ದು ಕೋಲಾರಕ್ಕೆ ನಡೆದೆ. ಮಧ್ಯಾಹ್ನ ನೂಲು ಒಣಗುವ ಹೊತ್ತು ನಮ್ಮ ಪಾಠದ ಹೊತ್ತು. ನಾನು ಒಂದು ಸಾಲು ಓದಿ ಗೊತ್ತಿದ್ದಷ್ಟು ಹೇಳುವುದು, ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದು ಜೋರಾಗಿ ಹೇಳುವುದು. ಕೆಲಸದ ಪ್ರಕಾರ ಅಲ್ಲಿ ಏನಿರಬೇಕು ಎಂದು ಅವರು ಹೇಳುವುದು. ಇಬ್ಬರೂ ಸಿಕ್ಕಿಬಿದ್ದರೆ ಪರದೆಯ ಹಿಂದಿನಿಂದ ತೀರ್ಪು. ಕೊನೆಗೆ ಒಂದು ಚಿಕ್ಕ ಎಳೆಯನ್ನು ಚೆಂಬಿನಲ್ಲಿ ಅದ್ದಿ ನೋಡುವುದು. ನನ್ನ ಅನುವಾದಕ್ಕೆ ಅಂಕ ಹಾಕುತ್ತಿದ್ದದ್ದು ರೇಷ್ಮೆ. ಅದಕ್ಕೆ ದಾಕ್ಷಿಣ್ಯ ಇರಲಿಲ್ಲ.

ಒಂದು ದಿನ ಕೇಳಿದರು: “ಆ ಜನ ಬರೀ ಬಣ್ಣದ ವಿಷಯಾನೇ ಬರೀತಾರಾ, ಹಾಡು ಗೀಡು ಇಲ್ವಾ?”

ಇದೆ ಎಂದು, ಸಂಜೆಯ ಆಕಾಶದ ಕೆಳಗೆ ಒಬ್ಬನಿಗಾಗಿ ಕಾಯುತ್ತ ನಿಂತ ಹೆಂಗಸಿನ ಒಂದು ಕವಿತೆಯನ್ನು ಹಾಡಿನ ಹಾಗೆ ಹೇಳಿ ಅರ್ಥ ಬಿಡಿಸಿದೆ. ತಲೆದೂಗಿದರು.

“ಆಕಾಶ ನೀಲಿ ಅಂದ್ಯಲ್ಲ, ಯಾವ ನೀಲಿ?”

“ನೀಲಿ ಅಂತ ಬರೆದವ್ರೆ ಸಾಹೇಬ್ರೆ, ಅಷ್ಟೇ.”

“ಅರೆ, ನೀಲೀಲಿ ನನ್ ಹತ್ರಾನೇ ಒಂಬತ್ತು ಅವೆ. ದೀಪ ಹಚ್ಚೋಕ್ ಮುಂಚೆ ಇರೋದಾ, ಹಚ್ಚಿದ್ ಮೇಲಿಂದಾ? ಹೆಂಗಸು ಕಾಯ್ತಾ ನಿಂತವ್ಳೆ ಅಂದೆ. ಹಚ್ಚಿದ್ ಮೇಲಿಂದಾದ್ರೆ ಅವ್ನು ಬರಲ್ಲ.”

ಮೂರು ವರ್ಷ ಆ ಕವಿತೆಯನ್ನು ಬಾಯಲ್ಲಿಟ್ಟುಕೊಂಡು ತಿರುಗಿದ್ದೆ. ಅವನು ಬರುತ್ತಾನೋ ಇಲ್ಲವೋ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಅವತ್ತು ಊರಿಗೆ ನಡೆಯುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಅದು ದೀಪ ಹಚ್ಚಿದ ಮೇಲಿನ ನೀಲಿಯೇ. ಅವನು ಬರುವುದಿಲ್ಲ. ಅವರು ಹೇಳಿದ್ದೇ ಸರಿ.

ಆಗಸ್ಟ್‌ನಲ್ಲಿ ಒಬ್ಬ ಪೊಲೀಸ್ ಜಮೇದಾರ ಬಂದು ಬಾಗಿಲಲ್ಲಿ ನಿಂತ. ಬಣ್ಣದ ಮನೆಯಲ್ಲಿ ಯಾರೋ ಶತ್ರುಗಳ ಭಾಷೆ ಓದುತ್ತಾರೆ ಎಂದು ಬೀದಿಯವರು ಚಾಡಿ ಹೇಳಿದ್ದರು.

“ಏನ್ ಸಾಹೇಬ್ರೆ, ಜರ್ಮನಿಯೋರಿಗೆ ಕಾಗದ ಬರೀತಿದ್ದೀರಂತೆ?”

ಪರೀಕ್ಷೆಗೆ ನಾಲ್ಕು ವಾರ ಉಳಿದಿತ್ತು. ನನ್ನ ಹೆಸರು ಠಾಣೆಯ ಪುಸ್ತಕಕ್ಕೆ ಹೋದರೆ ಪದವಿಯೂ ಹೋಯಿತು, ಸರ್ಕಾರಿ ಕೆಲಸವೂ ಹೋಯಿತು. ನಾನು ಪುಸ್ತಕ ಮಡಚಿ ತೊಡೆಯ ಕೆಳಗೆ ತಳ್ಳಿದೆ. ಸಾಹೇಬರು ಹಂಡೆಯಿಂದ ತಲೆ ಎತ್ತಲಿಲ್ಲ.

“ಬರೀಬೇಕು ಸ್ವಾಮಿ, ಬಣ್ಣ ಕಳ್ಸಿ ಅಂತ. ಟಪಾಲಿಗೆ ನೀವೇ ಹಾಕ್ತೀರಾ?”

“ತಮಾಷೆ ಬೇಡ. ಆ ಪುಸ್ತಕ ಕೊಡಿ, ಠಾಣೆಗೆ ಹೋಗ್ಬೇಕು ಅದು.”

“ತಗೊಂಡ್ ಹೋಗಿ. ಹಂಗೇ ನಿಮ್ ಮಗಳ ಮದ್ವೆ ಸೀರೇನೂ ತಂದು ಒಪ್ಪಿಸ್ಬಿಡಿ. ಅದ್ರ ಕೆಂಪೂ ಜರ್ಮನೀದೇ. ನಾನೇ ಹಾಕಿದ್ದು.”

ಜಮೇದಾರ ಹೊಸ್ತಿಲಿನಿಂದ ಕಾಲು ಹಿಂದೆಗೆದು, “ಬೀದಿ ಬಾಗಿಲು ಹಾಕ್ಕೊಂಡು ಓದ್ರಯ್ಯಾ,” ಎಂದು ಹೊರಟುಹೋದ. ಸಾಹೇಬರು ತಾವೇ ಎದ್ದು ಬಾಗಿಲಿಗೆ ಅಗುಳಿ ಹಾಕಿದರು. ಹಂಡೆಯಲ್ಲಿದ್ದ ಲಡಿ ಎಷ್ಟು ಸಲ ಮುಳುಗಿತ್ತು ಅನ್ನುವ ಲೆಕ್ಕ ಅವತ್ತು ಅವರಿಗೂ ತಪ್ಪಿತ್ತು.

ಸೆಪ್ಟೆಂಬರಿನ ಹೊತ್ತಿಗೆ ಹದಿನಾರು ಪುಟ ಮುಗಿದಿತ್ತು. ಉಳಿದ ನಾಲ್ಕು ಪುಟ ಬೇರೆ ಎರಡು ಡಬ್ಬಿಗಳದ್ದು. “ಮೊದ್ಲು ನಿನ್ ಪರೀಕ್ಷೆ, ಆಮೇಲೆ ಇವು,” ಎಂದು ಸಾಹೇಬರೇ ನನ್ನನ್ನು ಬೆಂಗಳೂರಿನ ಬಸ್ಸಿಗೆ ಹತ್ತಿಸಿದರು.

ಪ್ರಶ್ನೆಪತ್ರಿಕೆಯ ಗದ್ಯ ಒಬ್ಬ ಗಡಿಯಾರ ರಿಪೇರಿಯವನ ಬಗ್ಗೆ. ಓದುವ ಮುಂಚೆ ಪೂರ್ಣವಿರಾಮಗಳನ್ನು ಎಣಿಸಿದೆ. ಇಪ್ಪತ್ತೆರಡು. ತಿಳಿಯದ ವಾಕ್ಯಗಳು ಎರಡು. ಹಿಂದಿನ ಸಾಲಿನಲ್ಲಿ ಮುಚ್ಚಳ ತೆಗೆದಿದ್ದಾನೆ, ಮುಂದಿನದರಲ್ಲಿ ಗಡಿಯಾರ ನಡೆಯುತ್ತಿದೆ, ಹಾಗಾದರೆ ನಡುವೆ ಅವನ ಕೈ ಏನು ಮಾಡಿರಬೇಕು ಎಂದು ಕೇಳಿಕೊಂಡೆ. ಒಂದು ವಾಕ್ಯ ಬಿಡಿಸಿಕೊಂಡಿತು. ಇನ್ನೊಂದು ಕೊನೆಗೂ ಬಿಡಿಸಿಕೊಳ್ಳಲಿಲ್ಲ. ಅದರ ಜಾಗದಲ್ಲಿ, ಈ ವಾಕ್ಯ ನನಗೆ ಅರ್ಥವಾಗಲಿಲ್ಲ ಎಂದು ಬರೆದು ಮುಂದೆ ಹೋದೆ.

ಪಾಸಾಯಿತು. ಅಪ್ಪನಿಗೂ ಹೇಳದೆ ಮೊದಲು ಕೆರೆಯ ಬೀದಿಗೆ ಹೋದೆ.

“ಚುಕ್ಕಿ ಎಣಿಸಿದ್ಯಾ?” ಎಂದು ಕೇಳಿದರು.

“ಎಣಿಸ್ದೆ. ಒಂದು ಗೊತ್ತಾಗ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ್ಲೇ ಬರ್ದೆ.”

ಅವರು ಪರದೆಯ ಕಡೆಗೆ ತಿರುಗಿ ಕೂಗಿದರು: “ಕೇಳಿದ್ಯೇನೇ? ಸರ್ಕಾರದ ಕಾಗದದ ಮೇಲೆ ಗೊತ್ತಿಲ್ಲ ಅಂತ ಬರ್ದು ಬಂದವ್ನೆ. ಅದ್ಕೂ ಪಾಸ್ ಮಾಡವ್ರೆ!”

ಮುಳಬಾಗಿಲಿನ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ರಜೆಗೆ ಬಂದಾಗ ಆ ನಾಲ್ಕು ಪುಟ ಓದೋಣ ಸಾಹೇಬ್ರೆ ಅಂದಿದ್ದೆ. ಆಗಲಪ್ಪ ಅಂದಿದ್ದರು. ರಜೆಗಳು ಬಂದವು. ಮದುವೆ, ಮಗು, ಶಾಲೆಯ ಕೆಲಸ. ಮುಳಬಾಗಿಲಿನ ಬಸ್ಸು ಕೋಲಾರದ ಮೇಲೆಯೇ ಬೆಂಗಳೂರಿಗೆ ಹೋಗುತ್ತದೆ. ಎಷ್ಟು ಸಲ ಆ ಬಸ್ಸಿನಲ್ಲಿ ಕೂತು, ಇಳಿಯದೆ ಮುಂದಕ್ಕೆ ಹೋದೆನೋ.

ಯುದ್ಧ ಮುಗಿದ ವರ್ಷ ಅಪ್ಪ ಹೇಳಿಕಳಿಸಿದ: ಬಣ್ಣದ ಸಾಹೇಬರು ಹೋಗಿಬಿಟ್ಟರು, ಎರಡು ದಿನದ ಜ್ವರ ಅಷ್ಟೆ. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ವಾರವಾಗಿತ್ತು. ಅವರ ಪದ್ಧತಿಯಲ್ಲಿ ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊರಗಿನವರ ಎದುರಿಗೆ ಬರುವಂತಿಲ್ಲ. ಸಾಹೇಬರ ಹೆಂಡತಿ, ನಾನು ಅಮ್ಮ ಅನ್ನುತ್ತಿದ್ದವರು, ಪರದೆಯ ಹಿಂದೆಯೇ ಇದ್ದರು. ನಾನು ಜಗಲಿಯ ಮೇಲೆ ಕೂತೆ. ಪರದೆಯ ಕೆಳಗಿನಿಂದ ಎರಡು ಡಬ್ಬಿ, ಆ ಪುಸ್ತಕ, ಮೂರೂ ಹೊರಗೆ ಸರಿದವು. ಡಬ್ಬಿಯ ಮೊಹರು ಒಡೆದಿರಲಿಲ್ಲ.

“ಇವು ಯಾಕಮ್ಮ ಹಂಗೇ ಅವೆ?”

“ಓದಿರ್ಲಿಲ್ವಲ್ಲಪ್ಪ. ಓದ್ದೆ ತೆಗೀಬಾರ್ದು ಅಂದ್ರು. ಎಲ್ಲೂ ಬಣ್ಣ ಸಿಗ್ದೆ ದಾಳಿಂಬೆ ಸಿಪ್ಪೆ ಕುದಿಸ್ದಾಗ್ಲೂ ಇವನ್ನ ಮುಟ್ಲಿಲ್ಲ.”

“ಒಂದ್ ಮಾತು ಹೇಳಿಕಳ್ಸಿದ್ರೆ ಓಡಿ ಬರ್ತಿದ್ದೆ.”

“ನಾನೂ ಅಂದೆ. ಮಕ್ಕಳಿಗೆ ಹೇಳ್ಕೊಡ್ತಾವ್ನೆ, ಅದು ಬಿಡಿಸ್ಬಾರ್ದು, ಬಂದಾಗ ಬರ್ತಾನೆ ಅಂದ್ರು.”

ಹೆಡ್‌ಮಾಸ್ಟರಿಗೆ ರಜೆ ಬೇಕೆಂದು ಬರೆದು ಹಾಕಿ, ನಿಘಂಟು ತಂದು, ಮಾರನೆಯ ದಿನ ಅದೇ ಜಗಲಿಯ ಮೇಲೆ ಕೂತೆ. ಐದು ವರ್ಷ ಮುಟ್ಟದ ಭಾಷೆ ಕೈಬಿಟ್ಟುಹೋಗಿತ್ತು. ಹತ್ತು ಸಾಲಿಗೆ ಆರು ಕಡೆ ಗೊತ್ತಿಲ್ಲ ಅನ್ನಬೇಕಾಯಿತು. ಪ್ರತಿಸಲವೂ ಪರದೆಯ ಹಿಂದಿನಿಂದ, “ಅದ್ರ ಹಿಂದೆ ಏನೈತೆ? ಮುಂದೆ ಏನೈತೆ?” ಎಂದು ಕೇಳಿ, ಅಮ್ಮ ಒಂದಿಷ್ಟು ಹೊತ್ತು ಯೋಚಿಸಿ, ಕೈ ಏನು ಮಾಡಬೇಕೋ ಅದನ್ನು ಹೇಳುತ್ತಿದ್ದರು. ನಾನು ಪುಟಕ್ಕೆ ತಿರುಗಿ ಅದು ಅಲ್ಲಿದೆಯೇ ಎಂದು ಹುಡುಕುತ್ತಿದ್ದೆ. ಬಹಳ ಸಲ ಇರುತ್ತಿತ್ತು. ಮೂರು ದಿನ ಹೀಗೆ ನಡೆಯಿತು.

ಮೂರನೆಯ ದಿನ ಮಧ್ಯಾಹ್ನ ಪುಸ್ತಕ ಮಡಚಿದೆ.

“ಮುಗೀತಾ?”

“ಮುಗೀತಮ್ಮ.”

“ಹಂಗಾದ್ರೆ ಡಬ್ಬಿ ಒಡಿ.”

ಚಾಕು ತೆಗೆದುಕೊಂಡು ಮುಚ್ಚಳದ ಮೊಹರನ್ನು ಸುತ್ತಲೂ ಬಿಡಿಸಿದೆ. ಒಳಗೆ ಪುಡಿ ಇನ್ನೂ ಹೊಸದಾಗಿಯೇ ಇತ್ತು. ಪರದೆಯ ಕೆಳಗಿನಿಂದ ಒಂದು ಖಾಲಿ ಬಟ್ಟಲು ಹೊರಗೆ ಬಂತು.

“ಒಂದ್ ಲಡಿಗೆ ಆಗೋಷ್ಟೇ ತೆಗಿ,” ಅಂದರು ಅಮ್ಮ. “ನೀನು ಓದಿದ್ದು ಸರಿ ಐತಾ, ಮೊದ್ಲು ನೋಡಾಣ.”